ಆನೆ ಗಣತಿಗೆ ಸ್ವಯಂಸೇವಕರಾಗಿ: ಓದುವ ಮಕ್ಕಳಿಗೂ ಲಾಭ, ಹೊಲಕ್ಕೂ ಲಾಭ

ಕಾಡಂಚಿನ ಊರಲ್ಲಿ ಬೆಳಿಗ್ಗೆ ಹೊಲಕ್ಕೆ ಹೋದರೆ ಅರ್ಧ ಬೆಳೆ ಹಾಳಾಗಿರುತ್ತದೆ. ಒಬ್ಬರು "ಹಂದಿ" ಅಂತಾರೆ, ಇನ್ನೊಬ್ಬರು "ಇಲ್ಲ, ಜಿಂಕೆ" ಅಂತಾರೆ. ಬಂದದ್ದು ಯಾವ ಪ್ರಾಣಿ ಅಂತ ತಿಳಿಯದೆ ಬೇಲಿ ಹಾಕಿದರೆ ದುಡ್ಡು ದಂಡ. ಹೆಜ್ಜೆ, ಲದ್ದಿ, ಕಚ್ಚಿದ ಗುರುತು ನೋಡಿ ಪ್ರಾಣಿ ಹೇಳುವುದು ಒಂದು ವಿದ್ಯೆ. ಅದನ್ನು ಪುಕ್ಕಟೆಯಾಗಿ ಕಲಿಯುವ ಒಳ್ಳೆಯ ಜಾಗ ಅರಣ್ಯ ಇಲಾಖೆಯ ವನ್ಯಜೀವಿ ಗಣತಿ.

ಬಿಎಸ್ಸಿ, ಕೃಷಿ ಅಥವಾ ಅರಣ್ಯಶಾಸ್ತ್ರ ಓದುತ್ತಿರುವ ಮಕ್ಕಳು ನಿಮ್ಮ ಮನೆಯಲ್ಲಿದ್ದರೆ ಅವರಂತೂ ಇದನ್ನು ಬಿಡಬಾರದು. ಪರಿಸರ ಕ್ಷೇತ್ರದ ಕೆಲಸಕ್ಕೆ ಹೋದಾಗ ಮೊದಲು ಕೇಳುವುದೇ "ಕಾಡಲ್ಲಿ ಕೆಲಸ ಮಾಡಿದ್ದೀರಾ?" ಅಂತ.

ಗಣತಿ ಹೇಗೆ ನಡೆಯುತ್ತೆ?

2023ರ ಮೇ 17ರಿಂದ 19ರವರೆಗೆ ನಮ್ಮ ರಾಜ್ಯದಲ್ಲಿ ನಡೆದ ಆನೆ ಗಣತಿಯನ್ನೇ ನೋಡೋಣ. ನೆರೆ ರಾಜ್ಯಗಳಲ್ಲೂ ಅದೇ ದಿನಗಳಲ್ಲಿ ಎಣಿಕೆ ನಡೆಯಿತು. ಆನೆಗೆ ರಾಜ್ಯದ ಗಡಿ ಗೊತ್ತಿಲ್ಲವಲ್ಲ!

ಮೊದಲ ದಿನ: ಗುರುತಿಸಿದ ಕಾಡಿನ ಭಾಗದಲ್ಲಿ ನಡೆದು ಕಣ್ಣಿಗೆ ಬಿದ್ದ ಆನೆಗಳನ್ನು ಎಣಿಸುವುದು.

ಎರಡನೇ ದಿನ: 2 ಕಿ.ಮೀ. ನೇರ ಗೆರೆಯಲ್ಲಿ ನಡೆದು ಲದ್ದಿ ರಾಶಿಗಳನ್ನು ಎಣಿಸುವುದು. ಗೆರೆಯಿಂದ ಪ್ರತಿ ರಾಶಿಗೆ ಎಷ್ಟು ದೂರ ಅಂತ ಅಳೆದು ಬರೆಯಬೇಕು.

ಮೂರನೇ ದಿನ: ಕೆರೆ, ನೀರಿನ ಗುಂಡಿ ಬಳಿ ಕೂತು, ಬಂದ ಆನೆಗಳಲ್ಲಿ ಗಂಡೆಷ್ಟು, ಹೆಣ್ಣೆಷ್ಟು, ಮರಿ ಎಷ್ಟು ಎಂದು ನೋಡುವುದು.

ಲದ್ದಿ ಎಣಿಸಿ ಆನೆ ಲೆಕ್ಕ ಹೇಳುವುದು ಹೇಗೆ ಅಂತೀರಾ? ಒಂದು ಆನೆ ದಿನಕ್ಕೆ ಸುಮಾರು 15ರಿಂದ 20 ಸಲ ಲದ್ದಿ ಹಾಕುತ್ತದೆ. ಅದು ಕರಗಲು ಎಷ್ಟು ದಿನ ಬೇಕು ಅನ್ನುವುದನ್ನೂ ಸೇರಿಸಿ ಗುಣಿಸಿ ಭಾಗಿಸಿದರೆ ಅಂದಾಜು ಸಿಗುತ್ತದೆ. 2023ರಲ್ಲಿ ರಾಜ್ಯಕ್ಕೆ ಸಿಕ್ಕ ಅಂದಾಜು 6,395 ಆನೆ. 2017ರಲ್ಲಿ ಅದು 6,049 ಇತ್ತು.

ಹುಲಿ ಗಣತಿ 2006ರಿಂದ ನಾಲ್ಕು ವರ್ಷಕ್ಕೊಮ್ಮೆ ನಡೆಯುತ್ತಿದೆ. ಅಲ್ಲಿ ಹೆಜ್ಜೆ, ಹಿಕ್ಕೆ ಹುಡುಕುವುದು, ಜಿಂಕೆ-ಕಡವೆ ಎಣಿಸುವುದು, ಗಿಡಮರಗಳ ವಿವರ ಬರೆಯುವುದು ಎಲ್ಲ ಇರುತ್ತದೆ.

ಸೊನ್ನೆಯೂ ಒಂದು ಲೆಕ್ಕ

ಹೊಸದಾಗಿ ಹೋದವರಿಗೆ ಆಗುವ ಬೇಜಾರು ಏನಂದ್ರೆ, ಇಡೀ ದಿನ ನಡೆದರೂ ಏನೂ ಕಾಣದೇ ಹೋಗಬಹುದು. ಆಗ "ಎರಡು ಬರೆದುಬಿಡೋಣ" ಅನ್ನಿಸುತ್ತದೆ. ದಯವಿಟ್ಟು ಬೇಡ. ಕಾಣಲಿಲ್ಲ ಅಂದ್ರೆ ಸೊನ್ನೆ ಅಂತಲೇ ಬರೆಯಿರಿ. ನಿಮ್ಮ ಒಂದು ಸುಳ್ಳು ಎಂಟ್ರಿ ಇಡೀ ಕಾಡಿನ ಲೆಕ್ಕದಲ್ಲಿ ಹಲವು ಪಟ್ಟು ಹಿಗ್ಗುತ್ತದೆ. ಆನೆ ಕಾರಿಡಾರ್, ಕಂದಕ, ರೈಲು ಕಂಬಿ ಬೇಲಿ ಎಲ್ಲಿ ಬೇಕು ಅನ್ನುವ ಚರ್ಚೆಗೆಲ್ಲ ಈ ಲೆಕ್ಕವೇ ಆಧಾರ. ಅದು ತಪ್ಪಿದರೆ ಕೊನೆಗೆ ಪೆಟ್ಟು ಬೀಳುವುದು ಕಾಡಂಚಿನ ರೈತನಿಗೇ.

ಹೊಲದಲ್ಲಿ ಹೇಗೆ ಉಪಯೋಗ?

• ಗಿಡದ ಕಾಂಡ ಚಾಕುವಿನಲ್ಲಿ ಕೊಯ್ದಂತೆ ಓರೆಯಾಗಿ ತುಂಡಾಗಿದ್ದರೆ ಮೊಲ. ಜಿಂಕೆಗೆ ಮೇಲಿನ ಮುಂಭಾಗದ ಹಲ್ಲಿಲ್ಲ, ಹಾಗಾಗಿ ಕಿತ್ತ ತುದಿ ಹರಿದಂತಿರುತ್ತದೆ.
• ಮಣ್ಣು ಉತ್ತಂತೆ ಬಗೆದಿದ್ದರೆ ಹಂದಿ. ಮೆತ್ತನೆ ಮಣ್ಣಲ್ಲಿ ಅದರ ಗೊರಸಿನ ಹಿಂದೆ ಎರಡು ಚಿಕ್ಕ ಗುರುತೂ ಮೂಡುತ್ತವೆ.
• ತೆಂಗಿನ ಸಸಿಯ ಬುಡ ಕೊರೆದು, ಹಲ್ಲಿನ ಗೀರು ಬಿದ್ದಿದ್ದರೆ ಮುಳ್ಳುಹಂದಿ.
• ಆನೆಯ ಮುಂಗಾಲಿನ ಹೆಜ್ಜೆಯ ಸುತ್ತಳತೆಯನ್ನು ಎರಡರಿಂದ ಗುಣಿಸಿದರೆ ಹೆಚ್ಚುಕಡಿಮೆ ಅದರ ಎತ್ತರ ಸಿಗುತ್ತದೆ.

ಬೆಳೆ ಪರಿಹಾರಕ್ಕೆ ಅರ್ಜಿ ಹಾಕುವಾಗ ಇಂಥ ಗುರುತುಗಳ ಪಕ್ಕ ಒಂದು ಸ್ಕೇಲ್ ಇಟ್ಟು ಫೋಟೋ ತೆಗೆದು, ದಿನಾಂಕ ಬರೆದಿಟ್ಟರೆ ನಿಮ್ಮ ಮಾತಿಗೆ ತೂಕ ಬರುತ್ತದೆ.

ಸೇರುವುದು ಹೇಗೆ?

ಗಣತಿಗೆ ಮುಂಚೆ ಪತ್ರಿಕೆಯಲ್ಲಿ, ಇಲಾಖೆಯ ವೆಬ್‌ಸೈಟ್‌ನಲ್ಲಿ ಪ್ರಕಟಣೆ ಬರುವುದುಂಟು. ಪ್ರತಿ ಸಲವೂ ಹೊರಗಿನವರನ್ನು ಸೇರಿಸಿಕೊಳ್ಳುತ್ತಾರೆ ಅಂತಿಲ್ಲ. ಹಾಗಾಗಿ ನಿಮ್ಮ ವಲಯ ಅರಣ್ಯ ಕಚೇರಿಯಲ್ಲಿ ಮೊದಲೇ ಹೆಸರು ಕೊಟ್ಟು ವಿಚಾರಿಸಿ. ಸಂಬಳ ನಿರೀಕ್ಷಿಸಬೇಡಿ, ಊಟ, ವಸತಿ ಸಾದಾ ಇರುತ್ತದೆ.

ಹೋಗುವಾಗ ಇಷ್ಟು ನೆನಪಿಡಿ:

• ಮಣ್ಣಿನ ಬಣ್ಣದ ಅಥವಾ ಹಸಿರು ಬಟ್ಟೆ, ಗಟ್ಟಿ ಶೂ, ನೀರಿನ ಬಾಟಲಿ, ನೋಟ್‌ಬುಕ್, ಪೆನ್ಸಿಲ್. ಬೆವರು, ಮಳೆ ತಾಗಿದರೆ ಪೆನ್ನಿನ ಶಾಯಿ ಹರಡುತ್ತೆ.
• ಸೆಂಟು ಬೇಡ, ಮೊಬೈಲ್ ಸೈಲೆಂಟ್ ಇರಲಿ. ಪ್ರಾಣಿ ಕಂಡ ಜಾಗವನ್ನು ವಾಟ್ಸಾಪ್‌ನಲ್ಲಿ ಹಾಕಬೇಡಿ.
• ಜೊತೆಗಿರುವ ಫಾರೆಸ್ಟ್ ವಾಚರ್ ಹೇಳಿದಂತೆ ನಡೆಯಿರಿ. ಅವರೇ ಅಲ್ಲಿಯ ದೊಡ್ಡ ಮೇಷ್ಟ್ರು. ಆನೆ ಕಂಡರೆ ಸೆಲ್ಫಿಗೆ ನಿಲ್ಲಬೇಡಿ.
• ಮಲೆನಾಡಿನಲ್ಲಿ ಬೇಸಿಗೆ ಅಂದ್ರೆ ಮಂಗನ ಕಾಯಿಲೆಯ ಕಾಲ. ಉಣ್ಣೆ ಕಚ್ಚದಂತೆ ಮೈ ತುಂಬ ಬಟ್ಟೆ ಹಾಕಿ, ಬಂದ ಮೇಲೆ ಬಿಸಿನೀರಲ್ಲಿ ಸ್ನಾನ ಮಾಡಿ. ಜ್ವರ ಬಂದರೆ ಕಾಡಿಗೆ ಹೋಗಿದ್ದನ್ನು ಡಾಕ್ಟರಿಗೆ ಹೇಳಿ.

ಅವಕಾಶ ಸಿಗಲಿಲ್ಲವಾ?

ಫೆಬ್ರವರಿಯಲ್ಲಿ ನಾಲ್ಕು ದಿನ ನಡೆಯುವ ಗ್ರೇಟ್ ಬ್ಯಾಕ್‌ಯಾರ್ಡ್ ಬರ್ಡ್ ಕೌಂಟ್‌ಗೆ ಯಾರ ಅನುಮತಿಯೂ ಬೇಡ. ನಿಮ್ಮ ತೋಟದಲ್ಲೇ ಕನಿಷ್ಠ 15 ನಿಮಿಷ ನಿಂತು, ಗುರುತು ಸಿಕ್ಕ ಹಕ್ಕಿಗಳನ್ನೆಲ್ಲ ಎಣಿಸಿ ಇ-ಬರ್ಡ್ ಆಪ್‌ಗೆ ಹಾಕಿದರಾಯಿತು.

ಹೊಲದಲ್ಲಿ ಬೆಳೆದ ಮಕ್ಕಳಿಗೆ ಹೆಜ್ಜೆ, ಸಗಣಿ, ಗಿಡದ ಹೆಸರು ಮೊದಲೇ ಅರ್ಧ ಗೊತ್ತಿರುತ್ತದೆ. ಅದನ್ನು ಅಳೆದು ಬರೆಯುವ ಅಭ್ಯಾಸ ಒಂದು ಸೇರಿದರೆ ಸಾಕು, ಅದೇ ಅನುಭವ. ಈ ವಾರವೇ ಒಂದು ನೋಟ್‌ಬುಕ್ ತಂದು ನಿಮ್ಮ ಬದುವಿನಿಂದಲೇ ಶುರು ಮಾಡಿ.