ಹಗುರ ಮಾಡೋದು ಅಂದ್ರೆ ತೂತು ಕೊರೆಯೋದಲ್ಲ!



ನಮ್ಮ ದೊಡ್ಡಪ್ಪನ ಮಗ ಅಣ್ಣನ ಬಲಗೈಗೆ ಆರು ವಾರ ಹಾಕಿದ್ದ ಹಿಟ್ಟಿನ ಕಟ್ಟನ್ನು ನೀವೆಲ್ಲಾ ನೋಡಿದ್ದೀರಿ. ಕೆಲವರು ಅದರ ಮೇಲೆ ಪೆನ್ನಿನಲ್ಲಿ ನಿಮ್ಮ ಹೆಸರನ್ನೂ ಬರೆದಿದ್ದೀರಿ. "ಹೇಗಾಯ್ತು?" ಅಂತ ಕೇಳಿದವರಿಗೆಲ್ಲಾ ಅವನು "ಜಾರಿ ಬಿದ್ದೆ" ಅಂತಲೇ ಹೇಳಿದ. ಅದು ಪೂರ್ತಿ ನಿಜ ಅಲ್ಲ. ನಿಜವಾಗಿ ಏನಾಯ್ತು ಅಂತ ಬರೆಯೋದಕ್ಕೆ ಈಗ ಅವನೇ ಒಪ್ಪಿದ್ದಾನೆ. "ಬರಿ, ಆದ್ರೆ ನನ್ನ ಹೆಸರು ಹಾಕ್ಬೇಡ" ಅಂದ. ಅದಕ್ಕೇ ಹೆಸರು ಹಾಕಿಲ್ಲ.

ನಡೆದದ್ದು ಇಷ್ಟು. ಸ್ಕಾಟ್ಲೆಂಡಿನ ಡ್ಯಾನಿ ಮೆಕಾಸ್ಕಿಲ್ ಎಂಬುವರು ಎಡಿನ್‌ಬರೋ ಊರಿನಲ್ಲಿ ಸೈಕಲ್ ಹೊಡೆದ ವಿಡಿಯೋ ಒಂದು 2009ರಲ್ಲಿ ಬಂದಿತ್ತು. ಅದನ್ನು ಅಣ್ಣ ಫೋನಿನಲ್ಲಿ ನೋಡಿದ. ಅದರಲ್ಲಿ ಅವರು ಮೊನಚು ಕಂಬಿಗಳ ಬೇಲಿಯ ಮೇಲೇ ಸೈಕಲ್ ಓಡಿಸ್ತಾರೆ, ಗೋಡೆಯಿಂದ ಗೋಡೆಗೆ ನೆಗೀತಾರೆ. ಈ ಆಟಕ್ಕೆ ಟ್ರಯಲ್ಸ್ ಅಂತ ಹೆಸರು. ಅಣ್ಣನಿಗೆ ಆಸೆ ಹುಟ್ಟಿತು. ಆದರೆ ಅವನ ಸೈಕಲ್ ನೆಗೆಯೋದಿರಲಿ, ಎತ್ತೋದಕ್ಕೇ ಕಷ್ಟ. ಗುಜರಿ ಅಂಗಡಿ ತಕ್ಕಡಿಯಲ್ಲಿ ಇಟ್ಟರೆ 21 ಕೆ.ಜಿ. ಬಂತು! ಕ್ಯಾರಿಯರ್, ಸ್ಟ್ಯಾಂಡು, ಮಡ್‌ಗಾರ್ಡು, ಚೈನ್ ಕವರು ಎಲ್ಲಾ ಬಿಚ್ಚಿದ. 17 ಕೆ.ಜಿ.ಗೆ ಇಳೀತು. ಅಲ್ಲಿಗೇ ನಿಲ್ಲಿಸಿದ್ದರೆ ಈ ಲೇಖನ ಬರೆಯೋ ಕೆಲಸವೇ ಇರಲಿಲ್ಲ. ಆಮೇಲೆ ಅವನು ಡ್ರಿಲ್ ಮಿಷನ್ ತಂದು ಮುಂದಿನ ಫೋರ್ಕಿನ ಎರಡೂ ಕಾಲುಗಳಿಗೆ ಐದೈದು ತೂತು ಕೊರೆದ. ಮೂರನೇ ದಿನ ಮೋರಿ ಕಟ್ಟೆ ಮೇಲಿಂದ ನೆಗೆದಾಗ ಫೋರ್ಕು ಮೇಲಿನ ತೂತಿನ ಹತ್ತಿರ ಕಟ್ಟಾಯ್ತು. ಮಣಿಕಟ್ಟೂ ಮುರೀತು.

ಯಾಕೆ ಹೀಗಾಯ್ತು? ಹಾಗಾದರೆ ನಿಜವಾದ ಟ್ರಯಲ್ಸ್ ಸೈಕಲ್ಲು ಅಷ್ಟು ಹಗುರ ಇದ್ದರೂ ಹೇಗೆ ಮುರಿಯೋದಿಲ್ಲ? ನಮ್ಮ ತಾತ ಮತ್ತು ವಿಜ್ಞಾನದ ಮೇಷ್ಟ್ರ ಹತ್ತಿರ ಕೇಳಿ, ಪುಸ್ತಕ ಓದಿ ತಿಳಿದುಕೊಂಡದ್ದನ್ನು ಇಲ್ಲಿ ಬರೆದಿದ್ದೇನೆ.

ಅಣ್ಣ ಉಳಿಸಿದ ತೂಕ ಎಷ್ಟು?

ಮೊದಲು ಒಂದು ಲೆಕ್ಕ ಮಾಡೋಣ. ಫೋರ್ಕು ಒಳಗೆ ಟೊಳ್ಳಾದ ಉಕ್ಕಿನ ಪೈಪು. ಅದರ ಗೋಡೆಯ ದಪ್ಪ ಸುಮಾರು 1.6 ಮಿ.ಮೀ. ಅಂತ ಇಟ್ಟುಕೊಳ್ಳಿ. 10 ಮಿ.ಮೀ. ಅಗಲದ ತೂತು ಕೊರೆದರೆ ಹೋಗುವ ಉಕ್ಕು ಸುಮಾರು 1 ಗ್ರಾಂ. ತೂತು ಈ ಕಡೆಯಿಂದ ಆ ಕಡೆಗೆ ಪೂರ್ತಿ ಹೋಗಿದ್ದರಿಂದ 2 ಗ್ರಾಂ. ಹತ್ತು ತೂತಿಗೆ 20 ಗ್ರಾಂ. ಒಂದು ನಿಂಬೆಹಣ್ಣಿನ ತೂಕವೂ ಇಲ್ಲ. ಗುಜರಿ ತಕ್ಕಡಿಯ ಮುಳ್ಳು ಅಲ್ಲಾಡಲೂ ಇಲ್ಲ! ಅಷ್ಟಕ್ಕೆ ಕೈ ಮುರಿದುಕೊಂಡ ಹಾಗಾಯ್ತು.

ತೂತಿನ ಪಕ್ಕದಲ್ಲಿ ಏನಾಗುತ್ತದೆ?

ನಮ್ಮ ತಾತ ಜಾಲಹಳ್ಳಿ ಕಡೆ ಒಂದು ಕಾರ್ಖಾನೆಯಲ್ಲಿ ಟರ್ನರ್ ಆಗಿದ್ದವರು. ಮುರಿದ ಫೋರ್ಕು ನೋಡಿದ ತಕ್ಷಣ ಅವರು ಹೇಳಿದ್ದು: "ಕಾಲುವೆ ಮಧ್ಯೆ ಒಂದು ಕಲ್ಲು ಇಟ್ಟು ನೋಡವ್ವ. ನೀರು ಅಲ್ಲಿ ನಿಲ್ಲಲ್ಲ, ಕಲ್ಲಿನ ಎರಡೂ ಪಕ್ಕದಲ್ಲಿ ಇನ್ನೂ ಜೋರಾಗಿ ನುಗ್ಗುತ್ತೆ. ಕಬ್ಬಿಣದೊಳಗೆ ಭಾರಾನೂ ಹಂಗೇ ಹರೀತದೆ."

ಇದನ್ನೇ ಎಂಜಿನಿಯರುಗಳು ಲೆಕ್ಕದಲ್ಲಿ ಹೇಳುತ್ತಾರೆ. ಅಗಲವಾದ ಒಂದು ತಗಡನ್ನು ಎಳೆದಾಗ ಅದರೊಳಗಿನ ಸೆಳೆತ ಎಲ್ಲಾ ಕಡೆ ಒಂದೇ ಸಮ ಇರುತ್ತದೆ. ಅದರಲ್ಲಿ ಒಂದು ಸಣ್ಣ ದುಂಡು ತೂತು ಮಾಡಿದರೆ, ತೂತಿನ ಅಂಚಿನಲ್ಲಿ ಸೆಳೆತ ಸುಮಾರು 3 ಪಟ್ಟು ಆಗುತ್ತದೆ! ತೂತು ಚಿಕ್ಕದಾಗಿದ್ದರೂ ಅಷ್ಟೇ. ಪ್ರತಿ ಸಲ ನೆಗೆದಾಗಲೂ ಆ ಅಂಚಿನಲ್ಲಿ ಕಣ್ಣಿಗೆ ಕಾಣದ ಬಿರುಕು ಸ್ವಲ್ಪ ಸ್ವಲ್ಪ ಬೆಳೆಯುತ್ತದೆ. ತಂತಿಯನ್ನು ಮತ್ತೆ ಮತ್ತೆ ಬಗ್ಗಿಸಿದರೆ ಕೊನೆಗೆ ಪಟ್ ಅಂತ ಮುರಿಯುತ್ತದಲ್ಲಾ, ಹಾಗೆ. ಇದಕ್ಕೆ ಲೋಹದ ದಣಿವು ಎನ್ನುತ್ತಾರೆ.

ಇನ್ನೊಂದು ತಪ್ಪೂ ಇತ್ತು. ಫೋರ್ಕಿಗೆ ಅತಿ ಹೆಚ್ಚು ಬಾಗಿಸುವ ಭಾರ ಬೀಳುವುದು ಮೇಲ್ಗಡೆ, ಹ್ಯಾಂಡಲ್ ಕೆಳಗೆ. ಚಕ್ರದ ಹತ್ತಿರ ಕಡಿಮೆ. ಅದಕ್ಕೇ ಫೋರ್ಕಿನ ಕಾಲು ಮೇಲೆ ದಪ್ಪ, ಕೆಳಗೆ ಸಣ್ಣ. ಮರದ ಕೊಂಬೆಯೂ ಹಾಗೇ ಅಲ್ವಾ? ಬುಡದಲ್ಲಿ ದಪ್ಪ, ತುದಿಯಲ್ಲಿ ಸಣ್ಣ. ಅಣ್ಣ ಕೊಂಬೆಯ ಬುಡಕ್ಕೇ ತೂತು ಹಾಕಿದ್ದ.

ಟ್ರಯಲ್ಸ್ ಆಟ ಎಂದರೇನು?

ಇದು ವೇಗದ ಪಂದ್ಯ ಅಲ್ಲ. ಬಂಡೆ, ಮರದ ದಿಮ್ಮಿ, ಕಟ್ಟೆ ಇವುಗಳ ಮೇಲೆ ಕಾಲು ನೆಲಕ್ಕೆ ಊರದೆ ಹೋಗಬೇಕು. ಮೊದಲು ಇದು ಮೋಟರ್ ಸೈಕಲ್ಲಿನಲ್ಲಿ ಬ್ರಿಟನ್ನಿನಲ್ಲಿ ಬೆಳೆಯಿತು. ಸ್ಕಾಟ್ಲೆಂಡಿನ ಆರು ದಿನಗಳ ಟ್ರಯಲ್ 1909ರಷ್ಟು ಹಳೆಯದು. ಮೋಟರ್ ಸೈಕಲ್ ಆಟದಲ್ಲಿ ಕಾಲು ಒಂದು ಸಲ ಊರಿದರೆ 1 ದಂಡದ ಅಂಕ, ಆ ಘಟ್ಟ ದಾಟಲಾಗದೆ ಸೋತರೆ 5. ಸೈಕಲ್ಲಿನ ಟ್ರಯಲ್ಸ್ ಬೆಳೆದದ್ದು ಸ್ಪೇನ್ ದೇಶದ ಕ್ಯಾಟಲೋನಿಯಾದಲ್ಲಿ, 1970ರ ದಶಕದಲ್ಲಿ.

ಸ್ಪರ್ಧೆಯ ಟ್ರಯಲ್ಸ್ ಸೈಕಲ್ಲಿಗೆ ಸಾಮಾನ್ಯವಾಗಿ ಸೀಟೇ ಇರುವುದಿಲ್ಲ! ಇಡೀ ಆಟ ನಿಂತುಕೊಂಡೇ ಆಡುವುದು. ಬೇಡದ್ದನ್ನು ತೆಗೆಯುವುದು ಅಂದರೆ ಇದು. ಆದರೆ ಬ್ರೇಕು ಮಾತ್ರ ಬಹಳ ಬಿಗಿ. ತೂಕ ಸುಮಾರು 7ರಿಂದ 10 ಕೆ.ಜಿ.

ಇಷ್ಟು ಹಗುರ ಯಾಕೆ ಬೇಕು? ಅಣ್ಣನ 21 ಕೆ.ಜಿ. ಸೈಕಲ್ಲಿಗೂ 9 ಕೆ.ಜಿ. ಸೈಕಲ್ಲಿಗೂ 12 ಕೆ.ಜಿ. ವ್ಯತ್ಯಾಸ. 30 ಸಲ ನೆಗೆದರೆ 12 × 30 = 360 ಕೆ.ಜಿ. ಹೆಚ್ಚಿಗೆ ಎತ್ತಿದ ಹಾಗೆ. ಅಂದರೆ ಏಳು ಮೂಟೆ ಸಿಮೆಂಟ್!

ಹಗುರ ಮಾಡುವ ಮೊದಲ ದಾರಿ: ಆಕಾರ

ಪೈಪು ಯಾಕೆ ಟೊಳ್ಳು? ಬಾಗಿಸಿದಾಗ ಭಾರವನ್ನೆಲ್ಲಾ ಹೊರುವುದು ಹೊರಗಿನ ಭಾಗ. ಮಧ್ಯದ ಭಾಗ ಸುಮ್ಮನೆ ತೂಕ. ಬಿದಿರಿಗೆ ಈ ವಿದ್ಯೆ ಮೊದಲೇ ಗೊತ್ತು.

ಇನ್ನೊಂದು ಆಶ್ಚರ್ಯ ಕೇಳಿ. ಒಂದು ತೆಳು ಪೈಪಿನ ಅಗಲವನ್ನು ಎರಡು ಪಟ್ಟು ಮಾಡಿ, ಗೋಡೆಯ ದಪ್ಪವನ್ನು ಅರ್ಧ ಮಾಡಿ. ತೂಕ ಮೊದಲಿನಷ್ಟೇ ಇರುತ್ತದೆ. ಆದರೆ ಬಾಗದೆ ನಿಲ್ಲುವ ಗುಣ 4 ಪಟ್ಟು ಆಗುತ್ತದೆ! ಅದಕ್ಕೇ ಅಲ್ಯೂಮಿನಿಯಂ ಸೈಕಲ್ಲಿನ ಪೈಪುಗಳು ದಪ್ಪ ದಪ್ಪ ಕಾಣುತ್ತವೆ. ಹಾಗಂತ ಗೋಡೆಯನ್ನು ತೀರಾ ತೆಳು ಮಾಡಿದರೆ ಖಾಲಿ ಡಬ್ಬದ ಹಾಗೆ ನುಗ್ಗಾಗುತ್ತದೆ. ಎಲ್ಲದಕ್ಕೂ ಒಂದು ಮಿತಿ ಇದೆ.

ಎರಡನೇ ದಾರಿ: ವಸ್ತು

ಒಂದು ಲೀಟರ್ ಪಾತ್ರೆಯಷ್ಟು ಜಾಗ ಹಿಡಿಯುವ ಉಕ್ಕಿನ ತೂಕ ಸುಮಾರು 7.8 ಕೆ.ಜಿ., ಟೈಟಾನಿಯಂ 4.5 ಕೆ.ಜಿ., ಅಲ್ಯೂಮಿನಿಯಂ 2.7 ಕೆ.ಜಿ. ಕಾರ್ಬನ್ ಫೈಬರಿನಿಂದ ಮಾಡಿದ ವಸ್ತುವಿನದು ಸುಮಾರು 1.6 ಕೆ.ಜಿ. ಮಾತ್ರ!

ಈ ಕಾರ್ಬನ್ ಫೈಬರ್ ಎಂದರೆ ಇಂಗಾಲದ ಎಳೆ. ಇದ್ದಿಲಿನಲ್ಲಿರುವ ಇಂಗಾಲವೇ. ಎಡಿಸನ್ ತಮ್ಮ ಮೊದಮೊದಲ ಬಲ್ಬುಗಳಲ್ಲಿ ಹತ್ತಿ ದಾರ, ಬಿದಿರಿನ ನಾರು ಸುಟ್ಟು ಮಾಡಿದ ಇಂಗಾಲದ ಎಳೆಯನ್ನೇ ಬಳಸಿದ್ದರು. ಆದರೆ ಅದು ಗಟ್ಟಿ ಇರಲಿಲ್ಲ. ಈಗ ಹೆಚ್ಚಾಗಿ ಇದನ್ನು ಮಾಡುವುದು ಪಾಲಿಅಕ್ರಿಲೋನೈಟ್ರೈಲ್ ಎಂಬ ದಾರದಿಂದ. ಹೆಸರು ಕೇಳಿ ಹೆದರಬೇಡಿ, ನಮ್ಮ ಅಕ್ರಿಲಿಕ್ ಸ್ವೆಟರಿನ ಉಲ್ಲನ್ ದಾರಕ್ಕೆ ಇದು ಹತ್ತಿರದ ನೆಂಟ. ಆ ದಾರವನ್ನು ಮೊದಲು ಗಾಳಿಯಲ್ಲಿ 200ರಿಂದ 300 ಡಿಗ್ರಿ ಕಾಯಿಸುತ್ತಾರೆ. ಆಮೇಲೆ ಆಮ್ಲಜನಕ ಇಲ್ಲದ ಕುಲುಮೆಯಲ್ಲಿ 1000 ಡಿಗ್ರಿಗೂ ಮೀರಿ ಕಾಯಿಸುತ್ತಾರೆ. ಆಮ್ಲಜನಕ ಇಲ್ಲದ್ದರಿಂದ ಅದು ಉರಿದು ಬೂದಿ ಆಗುವುದಿಲ್ಲ. ಬೇರೆಯದೆಲ್ಲಾ ಹೋಗಿ ಇಂಗಾಲ ಉಳಿಯುತ್ತದೆ. ಒಂದೊಂದು ಎಳೆಯೂ ನಮ್ಮ ತಲೆಗೂದಲಿನ ಹತ್ತನೇ ಒಂದು ಭಾಗದಷ್ಟು ಸಣ್ಣ.

ಬರೀ ಎಳೆಯಿಂದ ಸೈಕಲ್ ಆಗುವುದಿಲ್ಲ, ಅದು ದಾರದ ಹಾಗೆ ಬಳುಕುತ್ತದೆ. ಎಪಾಕ್ಸಿ ಎಂಬ ಗಟ್ಟಿಯಾಗುವ ಅಂಟಿನಲ್ಲಿ ಅದ್ದಿ, ಪದರ ಪದರ ಇಟ್ಟು, ಒತ್ತಿ, ಬೇಯಿಸಬೇಕು. ನಮ್ಮ ಅಜ್ಜಿಯ ಕಾಲದ ಮಣ್ಣಿನ ಗೋಡೆ ನೆನಪು ಮಾಡಿಕೊಳ್ಳಿ. ಮಣ್ಣು ಕಲಸುವಾಗ ಹುಲ್ಲು ಹಾಕಿ ತುಳಿಯುತ್ತಿದ್ದರು. ಬರೀ ಮಣ್ಣು ಬಿರುಕು ಬಿಡುತ್ತದೆ, ಬರೀ ಹುಲ್ಲು ನಿಲ್ಲುವುದಿಲ್ಲ. ಎರಡೂ ಸೇರಿದರೆ ಹುಲ್ಲು ಎಳೆತ ತಡೆಯುತ್ತದೆ, ಮಣ್ಣು ಹುಲ್ಲನ್ನು ಹಿಡಿದಿಡುತ್ತದೆ. ಕಾರ್ಬನ್ ಫೈಬರಿನ ಗುಟ್ಟೂ ಇದೇ. ಹೀಗೆ ಎರಡು ಸೇರಿಸಿದ ವಸ್ತುವಿಗೆ ಕಾಂಪೋಸಿಟ್ ಎನ್ನುತ್ತಾರೆ.

ಸೌದೆ ಸೀಳಿದವರಿಗೆ ಒಂದು ವಿಷಯ ಗೊತ್ತಿರುತ್ತದೆ. ಮರ ಉದ್ದಕ್ಕೆ ಬೇಗ ಸೀಳುತ್ತದೆ, ಅಡ್ಡಕ್ಕೆ ಕಷ್ಟ. ಕಾರ್ಬನ್ನೂ ಎಳೆಯ ಉದ್ದಕ್ಕೆ ಎಳೆದರೆ ಬಹಳ ಗಟ್ಟಿ, ಅಡ್ಡಕ್ಕೆ ಬರೀ ಅಂಟಿನ ಬಲ. ಅದಕ್ಕೇ ಒಂದು ಪದರ ಉದ್ದಕ್ಕೆ, ಒಂದು ಓರೆಗೆ, ಒಂದು ಅಡ್ಡಕ್ಕೆ ಇಡುತ್ತಾರೆ. ಭಾರ ಎಲ್ಲಿ ಹೆಚ್ಚೋ ಅಲ್ಲಿ ಹೆಚ್ಚು ಪದರ, ಕಡಿಮೆ ಇರುವಲ್ಲಿ ಕಡಿಮೆ ಪದರ. ಇದೇ ನಿಜವಾದ ಹಗುರ ಮಾಡುವ ವಿದ್ಯೆ. ಅಣ್ಣ ಮಾಡಿದ್ದು ಇದರ ತಲೆಕೆಳಗು.

ನಮ್ಮ ತಲೆಯ ಮೇಲೇ ಹಾರುವ ಕಾರ್ಬನ್

ಇದೆಲ್ಲಾ ದೂರದ ದೇಶದ ಮಾತು ಅಂದುಕೊಳ್ಳಬೇಡಿ. ಯಲಹಂಕದ ವೈಮಾನಿಕ ಪ್ರದರ್ಶನ 1996ರಲ್ಲಿ ಶುರುವಾಯಿತು. ಅದು ನಡೆಯುವಾಗ ನಾವೆಲ್ಲಾ ಮಾಳಿಗೆ ಹತ್ತಿ ಆಕಾಶ ನೋಡುತ್ತೇವಲ್ಲಾ, ಆಗ ಗುಡುಗಿಕೊಂಡು ಹೋಗುವ ತೇಜಸ್ ವಿಮಾನದ ದೇಹದ ತೂಕದಲ್ಲಿ ಸುಮಾರು 45ರಷ್ಟು ಶೇಕಡಾ ಭಾಗ ಕಾಂಪೋಸಿಟ್. ರೆಕ್ಕೆಗಳಲ್ಲಿ ಇರುವುದು ಕಾರ್ಬನ್ ಫೈಬರ್. ಅದು ಮೊದಲು ಹಾರಿದ್ದು ನಮ್ಮ ಬೆಂಗಳೂರಿನ ಎಚ್.ಎ.ಎಲ್. ವಿಮಾನ ನಿಲ್ದಾಣದಿಂದ, 2001ರ ಜನವರಿ 4ರಂದು. ಅದರ ಬಾಲದ ನೆಟ್ಟನೆ ರೆಕ್ಕೆಯನ್ನು ರೂಪಿಸಿದವರು ಬೆಂಗಳೂರಿನ ಎನ್.ಎ.ಎಲ್. ವಿಜ್ಞಾನಿಗಳು. ಅದೇ ಸಂಸ್ಥೆ ಮಾಡಿದ 'ಹಂಸ' ಎಂಬ ಪುಟ್ಟ ತರಬೇತಿ ವಿಮಾನ 1993ರಲ್ಲೇ ಹಾರಿತ್ತು. ಅದರ ಮೈ ಗಾಜಿನ ಎಳೆಯ ಕಾಂಪೋಸಿಟ್. ಸೈಕಲ್ಲಿನಲ್ಲಿ ನೋಡಿದರೆ, 1992ರ ಬಾರ್ಸಿಲೋನಾ ಒಲಿಂಪಿಕ್ಸ್‌ನಲ್ಲಿ ಕ್ರಿಸ್ ಬೋರ್ಡ್‌ಮನ್ ಚಿನ್ನ ಗೆದ್ದದ್ದು ಕಾರ್ಬನ್ ಫೈಬರ್ ಫ್ರೇಮಿನ ಮೇಲೆ.

ಡಾ. ಎ.ಪಿ.ಜೆ. ಅಬ್ದುಲ್ ಕಲಾಂ ಅವರು ಹೇಳಿಕೊಂಡಿರುವ ಒಂದು ಸಂಗತಿ ನನಗೆ ಎಲ್ಲಕ್ಕಿಂತ ಇಷ್ಟ. ಹೈದರಾಬಾದಿನ ನಿಜಾಮ್ಸ್ ಆಸ್ಪತ್ರೆಯಲ್ಲಿ ಕಾಲು ಸ್ವಾಧೀನವಿಲ್ಲದ ಮಕ್ಕಳು ಮೂರು ಕೆ.ಜಿ.ಗೂ ಹೆಚ್ಚು ತೂಕದ ಲೋಹದ ಪಟ್ಟಿ ಕಟ್ಟಿಕೊಂಡು ಕಾಲು ಎಳೆಯುತ್ತಾ ನಡೆಯುತ್ತಿದ್ದರು. ಕ್ಷಿಪಣಿಗಾಗಿ ಕಂಡುಹಿಡಿದ ಹಗುರ ವಸ್ತುವಿನ ವಿದ್ಯೆಯಿಂದ 300 ಗ್ರಾಂ ಪಟ್ಟಿ ಮಾಡಿಕೊಟ್ಟಾಗ ಆ ಮಕ್ಕಳು ಓಡಾಡಿದರಂತೆ. ಹಗುರ ಅನ್ನುವುದು ಬರೀ ಆಟದ ಮಾತಲ್ಲ.

ಕಾರ್ಬನ್ನಿಗೂ ಕೊರತೆ ಇದೆ

ಉಕ್ಕು ಮುರಿಯುವ ಮೊದಲು ಅನೇಕ ಸಲ ಬಾಗಿ ಎಚ್ಚರಿಕೆ ಕೊಡುತ್ತದೆ. ಕಾರ್ಬನ್ ಹೆಚ್ಚು ಬಾಗುವುದಿಲ್ಲ, ಒಮ್ಮೆಲೇ ಮುರಿಯಬಹುದು. ಕಲ್ಲಿಗೆ ಬಡಿದಾಗ ಮೇಲೆ ಏನೂ ಕಾಣದೆ ಒಳಗೆ ಪದರ ಬಿಟ್ಟುಕೊಂಡಿರಬಹುದು. ವಿಮಾನದವರು ನಾಣ್ಯದಿಂದ ತಟ್ಟಿ ಸದ್ದು ಕೇಳಿಯೂ ಪರೀಕ್ಷಿಸುತ್ತಾರೆ. ಟಣ್ ಅಂದರೆ ಸರಿ, ಡಬ್ ಅಂದರೆ ಅನುಮಾನ. ಮಡಕೆ ಕೊಳ್ಳುವಾಗ ಅಮ್ಮ ತಟ್ಟಿ ನೋಡುವ ಹಾಗೇ! ಟ್ರಯಲ್ಸ್ ಸೈಕಲ್ಲಿನ ಹೊಟ್ಟೆ ಪದೇ ಪದೇ ಬಂಡೆಗೆ ಬಡಿಯುತ್ತದೆ. ಅದಕ್ಕೇ ಕೆಲವರು ಫ್ರೇಮನ್ನೂ ಕಾರ್ಬನ್ನಿನಲ್ಲೇ ಮಾಡಿದರೂ, ಬಹಳ ಜನ ಫ್ರೇಮಿಗೆ ಅಲ್ಯೂಮಿನಿಯಂ ಇಟ್ಟು, ಫೋರ್ಕು, ಹ್ಯಾಂಡಲ್ ಇಂಥವನ್ನು ಕಾರ್ಬನ್ ಮಾಡುತ್ತಾರೆ. ಬೆಲೆಯೂ ಬಹಳ ಜಾಸ್ತಿ.

ನಮ್ಮ ಸೈಕಲ್ಲಿಗೆ ಏನು ಮಾಡಬಹುದು?

1) ಬೇಡದ ಭಾಗ ಬಿಚ್ಚಬಹುದು. ಬ್ರೇಕು, ಬೆಲ್ಲು ಬಿಚ್ಚಬಾರದು.
2) ಫ್ರೇಮು, ಫೋರ್ಕು, ಹ್ಯಾಂಡಲ್, ಪೆಡಲ್ ಇವುಗಳಿಗೆ ತೂತು ಹಾಕಬಾರದು, ಅರ ಹಾಕಿ ಉಜ್ಜಬಾರದು.
3) ವಾರಕ್ಕೊಮ್ಮೆ ಬಟ್ಟೆಯಲ್ಲಿ ಒರೆಸಿ ಬೆಸುಗೆ ಹತ್ತಿರ ಬಿರುಕು ಇದೆಯಾ ನೋಡಬೇಕು.

ಮಾಡಿ ನೋಡಿ

ಒಂದೇ ಅಳತೆಯ ಎರಡು ಹಾಳೆ ತೆಗೆದುಕೊಳ್ಳಿ. ಎರಡನ್ನೂ ಪೆನ್ಸಿಲ್ ದಪ್ಪಕ್ಕೆ ಸುತ್ತಿ ಅಂಟಿಸಿ. ಒಂದರ ಮಧ್ಯೆ ಕೈವಾರದ ಮೊನೆಯಿಂದ ನಾಲ್ಕು ತೂತು ಹಾಕಿ. ಎರಡು ಇಟ್ಟಿಗೆಯ ನಡುವೆ ಸೇತುವೆ ಹಾಗೆ ಇಟ್ಟು, ಮಧ್ಯಕ್ಕೆ ದಾರದಲ್ಲಿ ಚೀಲ ಕಟ್ಟಿ, ಒಂದೊಂದೇ ಗೋಲಿ ಹಾಕುತ್ತಾ ಹೋಗಿ. ಯಾವುದು ಎಷ್ಟಕ್ಕೆ ಬಾಗಿತು, ಎಲ್ಲಿ ಬಾಗಿತು ಎಂದು ಬರೆದು ಈ ಪತ್ರಿಕೆಯ ಕೆಳಗೆ ಅಂಟಿಸಿ.

ಅಣ್ಣನ ಕೈ ಈಗ ಕೂಡಿದೆ. ಬರೆಯುವಾಗ ಸ್ವಲ್ಪ ನೋವು ಬರುತ್ತದಂತೆ. ಆ ಮುರಿದ ಫೋರ್ಕನ್ನು ಗುಜರಿಗೆ ಹಾಕಲು ತಾತ ಬಿಡಲಿಲ್ಲ. ನಮ್ಮ ಶಾಲೆಯ ವಿಜ್ಞಾನದ ಕಪಾಟಿನಲ್ಲಿ ಇಡಿಸಿದ್ದಾರೆ. ಬಿಡುವಿನಲ್ಲಿ ಹೋಗಿ ಮೇಷ್ಟ್ರನ್ನು ಕೇಳಿ, ತೋರಿಸುತ್ತಾರೆ. ತೂತಿನ ಅಂಚಿನಿಂದ ಬಿರುಕು ಹೇಗೆ ಹೊರಟಿದೆ ಅಂತ ಕಣ್ಣಾರೆ ನೋಡಿ.

– 9ನೇ ತರಗತಿಯ ವಿದ್ಯಾರ್ಥಿನಿ, ಶೆಟ್ಟಿಹಳ್ಳಿ