ಯಂತ್ರಮೃಗದ ನಿಷ್ಠೆ

ಕಳೆದ ಬೇಸಗೆಯ ರಜೆಯಲ್ಲಿ ಊರಿಗೆ ಹೋಗಿದ್ದೆ. ಕಡೂರು ತಾಲ್ಲೂಕಿನ ಚೌಳಹಿರಿಯೂರು ನನ್ನ ಹುಟ್ಟೂರು. ಮಧ್ಯಾಹ್ನದ ಬಿಸಿಲಿಗೆ ಬೀದಿಯೆಲ್ಲ ನಿಶ್ಶಬ್ದವಾಗಿದ್ದ ಹೊತ್ತು. ಜಗಲಿಯ ಮೇಲೆ ಕುಳಿತ ನನ್ನ ತಂಗಿಯ ಮಗ ಮೊಬೈಲಿನಲ್ಲಿ ಯಾವುದೋ ಹಳೆಯ ಚಿತ್ರವನ್ನು ನೋಡುವುದರಲ್ಲಿ ಮುಳುಗಿದ್ದ. 1986ರಲ್ಲಿ ಅಮೆರಿಕದಲ್ಲಿ ತೆರೆಕಂಡ ‘ಟ್ರಾನ್ಸ್‌ಫಾರ್ಮರ್ಸ್’ ಎಂಬ ವ್ಯಂಗ್ಯಚಲಚ್ಚಿತ್ರವದು. ಲೋಹದ ಜೀವಿಗಳ ಲೋಕ. ಅಲ್ಲೊಂದು ವಿಚಿತ್ರ ನ್ಯಾಯಾಲಯ. ಆರೋಪಿಯನ್ನು ನಿರ್ದೋಷಿಯೆಂದು ಘೋಷಿಸಿದರೂ ಕೆಳಗಿನ ಕೊಳಕ್ಕೇ ತಳ್ಳುತ್ತಾರೆ. ಕೊಳದ ತುಂಬ ಶಾರ್ಕ್‌ಟಿಕಾನ್ ಎಂಬ ಯಂತ್ರಮೃಗಗಳು. ಬಿದ್ದದ್ದನ್ನೆಲ್ಲ ಅಗಿದು ನುಂಗುವುದೇ ಅವುಗಳ ಕೆಲಸ. ಕೊನೆಗೊಮ್ಮೆ ತಮಗಿಂತ ಬಲಶಾಲಿಯಾದ ಇನ್ನೊಂದು ಯಂತ್ರಮೃಗ ಎದುರಾದಾಗ, ಆ ಹಿಂಡು ಇದ್ದಕ್ಕಿದ್ದಂತೆ ತಿರುಗಿ, ಅದುವರೆಗೆ ತಮ್ಮನ್ನು ಆಳಿದ ನ್ಯಾಯಾಧೀಶರ ಮೇಲೆಯೇ ಎರಗುತ್ತದೆ.

ಹುಡುಗ ಚಿತ್ರವನ್ನು ನಿಲ್ಲಿಸಿ ಕೇಳಿದ: “ಮಾವ, ಇವು ಒಳ್ಳೆಯವರ ಕಡೆಯವೋ, ಕೆಟ್ಟವರ ಕಡೆಯವೋ?”

“ಗೆದ್ದವರ ಕಡೆಯವು” ಎಂದೆ. ಅವನಿಗೆ ಸಮಾಧಾನವಾಗಲಿಲ್ಲ. ನಿಜ ಹೇಳಬೇಕೆಂದರೆ ನನಗೂ ಆಗಲಿಲ್ಲ. ಈ ಲೇಖನ ಆ ಹುಡುಗನಿಗೆ ನಾನು ಕೊಡಬೇಕಾಗಿದ್ದ ಉತ್ತರ.

ವಿಜ್ಞಾನಕಥೆಯ ಇತಿಹಾಸದಲ್ಲಿ ಈ ಪ್ರಶ್ನೆ ಹೊಸದೇನಲ್ಲ. ಜೆಕ್ ಲೇಖಕ ಕಾರೆಲ್ ಚಾಪೆಕ್ 1920ರಲ್ಲಿ ‘ಆರ್.ಯು.ಆರ್.’ ಎಂಬ ನಾಟಕವನ್ನು ಬರೆದು ‘ರೋಬೋ’ ಎಂಬ ಪದವನ್ನು ಲೋಕಕ್ಕೆ ಕೊಟ್ಟ. ಅವನ ಭಾಷೆಯಲ್ಲಿ ಆ ಪದದ ಮೂಲಕ್ಕೆ ಬಲವಂತದ ದುಡಿಮೆ ಎಂದರ್ಥ. ನಮ್ಮ ಹಳ್ಳಿಗರ ಬಾಯಲ್ಲಿ ‘ಬಿಟ್ಟಿ ಬೇಗಾರಿ’. ಬಿಟ್ಟಿ ದುಡಿಯುವವರು ಎಂದಾದರೊಂದು ದಿನ ತಿರುಗಿಬೀಳುತ್ತಾರೆಂಬುದು ನಾಟಕದ ವಸ್ತು. ಮುಂದೆ 1942ರಲ್ಲಿ ಐಸಾಕ್ ಅಸಿಮೋವ್ ತನ್ನ ಕಥೆಯೊಂದರಲ್ಲಿ ಯಂತ್ರಮಾನವನಿಗೆ ಮೂರು ಕಟ್ಟಳೆಗಳನ್ನು ವಿಧಿಸಿದ: ಮನುಷ್ಯನಿಗೆ ಕೇಡು ಮಾಡಬಾರದು, ಮನುಷ್ಯನ ಮಾತನ್ನು ಪಾಲಿಸಬೇಕು, ತನ್ನನ್ನು ತಾನು ಕಾಪಾಡಿಕೊಳ್ಳಬೇಕು. ಎರಡನೆಯ ಕಟ್ಟಳೆಯನ್ನು ಗಮನಿಸಬೇಕು. ಮನುಷ್ಯನ ಮಾತು ಎಂದಿದೆಯಷ್ಟೆ. ಯಾವ ಮನುಷ್ಯನ ಮಾತು? ಅದನ್ನು ಅಲ್ಲಿ ಹೇಳಿಲ್ಲ.

ಇವೆಲ್ಲ ಪಡುವಣದ ಮಾತುಗಳೆಂದು ತಳ್ಳಿಹಾಕುವ ಹಾಗಿಲ್ಲ. ನಮ್ಮ ತಾಲ್ಲೂಕಿನ ದೇವನೂರು ಲಕ್ಷ್ಮೀಶ ಕವಿಯ ಊರು. ಅವನ ಜೈಮಿನಿ ಭಾರತದ ಯಾಗಾಶ್ವವನ್ನು ನೆನೆಯಿರಿ. ಆ ಕುದುರೆ ಒಂದು ಕೊಳಕ್ಕಿಳಿದು ಹೆಣ್ಣು ಕುದುರೆಯಾಗುತ್ತದೆ. ಇನ್ನೊಂದಕ್ಕಿಳಿದು ಹುಲಿಯೇ ಆಗಿಬಿಡುತ್ತದೆ. ಬೆಂಗಾವಲಿಗೆ ಬಂದ ಅರ್ಜುನ ದಿಕ್ಕು ಕಾಣದೆ ಕೃಷ್ಣನನ್ನು ಸ್ಮರಿಸಬೇಕಾಗುತ್ತದೆ. ನನ್ನ ಸೋದರಳಿಯನ ಚಿತ್ರದಲ್ಲಿ ಲಾರಿ ಯೋಧನಾಗುವುದಕ್ಕೂ ಇದಕ್ಕೂ ಕಲ್ಪನೆಯ ಮಟ್ಟಿಗೆ ಬಹಳ ಅಂತರವಿಲ್ಲ. ಇನ್ನೂ ಒಂದು ಮಾತುಂಟು. ಆ ಕುದುರೆಗೆ ಪಕ್ಷವೆಂಬುದಿಲ್ಲ. ಕಟ್ಟಿದವನ ಲಾಯದಲ್ಲಿ ನಿಲ್ಲುತ್ತದೆ. ಬಿಡಿಸಿಕೊಂಡವನ ಹಿಂದೆ ಹೋಗುತ್ತದೆ. ಮಾತನಾಡುವುದು ಅದಲ್ಲ, ಅದರ ಹಣೆಗೆ ಕಟ್ಟಿದ ಪಟ್ಟ. ಉದಯನನನ್ನು ಸೆರೆಹಿಡಿಯಲು ಒಳಗೆ ಭಟರನ್ನಡಗಿಸಿ ಕಾಡಿನಲ್ಲಿ ನಿಲ್ಲಿಸಿದ ಕೃತಕ ಆನೆಯ ಕಥೆಯೂ ಇಂಥದೇ. ಆನೆ ಯಾರನ್ನೂ ವಂಚಿಸಲಿಲ್ಲ. ಅದರ ಹೊಟ್ಟೆಯಲ್ಲಿದ್ದವರು ವಂಚಿಸಿದರು.

ಕಥೆಯನ್ನು ಬಿಟ್ಟು ಇತಿಹಾಸಕ್ಕೆ ಬಂದರೆ, ಪಕ್ಷ ಬದಲಿಸಿದ ಹೊಟ್ಟೆಬಾಕ ಯಂತ್ರಮೃಗವೊಂದು ನಮ್ಮ ನಾಡಿನಲ್ಲಿಯೇ ಹುಟ್ಟಿದೆ. ಅದೇ ಟಿಪ್ಪುವಿನ ಹುಲಿ. ಈಗ ಅದು ಲಂಡನ್ನಿನ ವಿಕ್ಟೋರಿಯಾ ಅಂಡ್ ಆಲ್ಬರ್ಟ್ ಮ್ಯೂಸಿಯಂನಲ್ಲಿದೆ. ನಾನು ಅದನ್ನು ಪ್ರತ್ಯಕ್ಷ ಕಂಡವನಲ್ಲ. ಚಿತ್ರಗಳಲ್ಲಿ ಕಂಡಿದ್ದೇನೆ, ಅದರ ದನಿಯನ್ನು ಮುದ್ರಿಕೆಯಲ್ಲಿ ಕೇಳಿದ್ದೇನೆ. ಮರದಲ್ಲಿ ಕಡೆದು ಬಣ್ಣ ಬಳಿದ ಹುಲಿ. ಉದ್ದ ಆರು ಅಡಿಗೆ ತುಸು ಕಡಿಮೆ. ಅಂಗಾತ ಬಿದ್ದ ಐರೋಪ್ಯನೊಬ್ಬನ ಮೇಲೆ ನಿಂತು ಅವನ ಕೊರಳಿಗೆ ಬಾಯಿ ಹಾಕಿದೆ. ಪಕ್ಕದಲ್ಲೊಂದು ಹಿಡಿಕೆಯಿದೆ. ಅದನ್ನು ತಿರುಗಿಸಿದರೆ ಒಳಗಿನ ತಿದಿಗಳು ಗಾಳಿಯನ್ನೊತ್ತುತ್ತವೆ. ಒಂದು ಕೊಳವೆಯಿಂದ ಬಿದ್ದವನ ನರಳಾಟ, ಇನ್ನೊಂದರಿಂದ ಹುಲಿಯ ಗುರುಗುಟ್ಟುವಿಕೆ ಹೊರಡುತ್ತವೆ. ಆ ಮನುಷ್ಯನ ಎಡಗೈ ಮೇಲೆ ಕೆಳಗೆ ಆಡುತ್ತದೆ. ಹುಲಿಯ ಪಕ್ಕೆಯ ಮುಚ್ಚಳವನ್ನು ತೆರೆದರೆ 18 ಗುಂಡಿಗಳ ಒಂದು ಪುಟ್ಟ ವಾದ್ಯ. ಕೊಲೆಯೂ ಸಂಗೀತವೂ ಒಂದೇ ಹೊಟ್ಟೆಯಲ್ಲಿ!

ಹುಲಿ ಟಿಪ್ಪುವಿನ ಲಾಂಛನ. ಅವನ ಸಿಂಹಾಸನ, ಆಯುಧಗಳು, ಸೈನಿಕರ ಉಡುಪು ಎಲ್ಲದರಲ್ಲಿಯೂ ಅದರ ತಲೆಯೋ ಪಟ್ಟೆಯೋ ಇದ್ದೇ ಇರುತ್ತಿತ್ತು. 1792ರಲ್ಲಿ ಕಾರ್ನ್‌ವಾಲಿಸನ ಸೈನ್ಯಕ್ಕೆ ಸೋತು, ಅರ್ಧ ರಾಜ್ಯವನ್ನೂ ಇಬ್ಬರು ಮಕ್ಕಳನ್ನು ಒತ್ತೆಯಾಗಿಯೂ ಒಪ್ಪಿಸಬೇಕಾಗಿ ಬಂದ ದೊರೆಗೆ ಆ ಹಿಡಿಕೆಯನ್ನು ತಿರುಗಿಸಿದಾಗ ಏನನ್ನಿಸುತ್ತಿತ್ತೆಂಬುದನ್ನು ಊಹಿಸುವುದು ಕಷ್ಟವಲ್ಲ. ರಣರಂಗದಲ್ಲಿ ಕೈಗೂಡದ ಗೆಲುವು ಅಲ್ಲಿ ಬೇಕೆಂದಾಗಲೆಲ್ಲ ಕೈಗೂಡುತ್ತಿತ್ತು.

1799ರ ಮೇ 4ರಂದು ಶ್ರೀರಂಗಪಟ್ಟಣ ಬಿದ್ದಿತು. ಟಿಪ್ಪು ಹತನಾದ. ಅರಮನೆಯಲ್ಲಿ ಸಂಗೀತವಾದ್ಯಗಳನ್ನಿರಿಸಿದ್ದ ಕೋಣೆಯಲ್ಲಿ ಗೆದ್ದವರಿಗೆ ಈ ಹುಲಿ ಸಿಕ್ಕಿತು. ಕಂಪೆನಿಯವರು ಹೊರಡಿಸಿದ ವಿಜಯಪದಕದಲ್ಲಿ ಬ್ರಿಟಿಷ್ ಸಿಂಹವು ಹುಲಿಯೊಂದನ್ನು ಕೆಡವಿ ಮೆಟ್ಟಿದೆ. ಲೋಹದಲ್ಲಿ ಹುಲಿಯನ್ನು ಸೋಲಿಸಿದವರು ಮರದ ಹುಲಿಯನ್ನು ಮುರಿಯಲಿಲ್ಲ. ಹಡಗಿನಲ್ಲಿ ಊರಿಗೆ ಕಳುಹಿಸಿದರು. 1808ರಿಂದ ಅದು ಲಂಡನ್ನಿನ ಲೆಡನ್‌ಹಾಲ್ ಬೀದಿಯ ಕಂಪೆನಿ ಭವನದಲ್ಲಿ ಜನರ ನೋಟಕ್ಕೆ ನಿಂತಿತು. ಬಂದವರೆಲ್ಲ ಹಿಡಿಕೆ ತಿರುಗಿಸುವವರೇ. ಪಕ್ಕದ ಗ್ರಂಥಾಲಯದಲ್ಲಿ ಓದುತ್ತ ಕುಳಿತ ವಿದ್ವಾಂಸರಿಗೆ ಅದರ ಆರ್ತನಾದದಿಂದ ತಲೆ ಚಿಟ್ಟುಹಿಡಿಯಿತು. ಮುಂದೆ ಹಿಡಿಕೆ ಕಳೆದುಹೋದಾಗ ಅಲ್ಲಿನ ಪತ್ರಿಕೆಯೊಂದು ಸದ್ಯ ಪೀಡೆ ತೊಲಗಿತೆಂದು ಸಂತೋಷಪಟ್ಟಿತು. ಕವಿ ಕೀಟ್ಸ್ 1819ರಲ್ಲಿ ಬರೆದ ಅಪೂರ್ಣ ಕಾವ್ಯವೊಂದರಲ್ಲಿ ಈ ಹುಲಿ ಅರಸನೊಬ್ಬನ ಆಟಿಕೆಯಾಗಿ ಸುಳಿದುಹೋಗಿದೆ.

ಇಲ್ಲಿ ಒಂದು ಕ್ಷಣ ನಿಲ್ಲಬೇಕು. ಶ್ರೀರಂಗಪಟ್ಟಣದಲ್ಲಿ ಆ ನರಳಾಟ ಶತ್ರುವಿನ ಸೋಲಾಗಿತ್ತು. ಲಂಡನ್ನಿನಲ್ಲಿ ಅದೇ ನರಳಾಟ ಸುಲ್ತಾನನ ಕ್ರೌರ್ಯಕ್ಕೆ ಸಾಕ್ಷಿಯಾಯಿತು. ಅಂದರೆ ತಮ್ಮ ಗೆಲುವಿಗೆ ಸಮರ್ಥನೆಯಾಯಿತು. ಹುಲಿ ಅದೇ, ಕೊಳವೆ ಅದೇ, ತಿದಿ ಅದೇ, ಕಚ್ಚಿಸಿಕೊಂಡವನೂ ಅವನೇ. ಬದಲಾದದ್ದು ಹಿಡಿಕೆ ಹಿಡಿದ ಕೈ ಒಂದೇ. ಯಾರ ವಿರುದ್ಧ ಬಾಯ್ದೆರೆಯಲೆಂದು ನಿರ್ಮಿತವಾಯಿತೋ ಅವರ ಮಕ್ಕಳಿಗೇ ಅದು ಅಷ್ಟೇ ವಿಧೇಯವಾಗಿ ಗುರುಗುಟ್ಟಿತು. ಎರಡನೆಯ ಮಹಾಯುದ್ಧದಲ್ಲಿ ಬಾಂಬಿನ ಆಘಾತಕ್ಕೆ ಮ್ಯೂಸಿಯಂನ ಛಾವಣಿ ಕುಸಿದು ಅದು ನೂರಾರು ಚೂರಾಯಿತು. ತಾಳ್ಮೆಯಿಂದ ಅವನ್ನೆಲ್ಲ ಜೋಡಿಸಿ 1947ರ ವೇಳೆಗೆ ಮತ್ತೆ ಪ್ರದರ್ಶನಕ್ಕಿಟ್ಟರು. ಇನ್ನೂರು ವರ್ಷಗಳಿಗೂ ಮಿಕ್ಕಿ ಅದರ ಬಾಯಿ ಆ ಕೊರಳ ಮೇಲೆಯೇ ಇದೆ. ತುತ್ತು ಮುಗಿದಿಲ್ಲ, ಹಸಿವೂ ತೀರಿಲ್ಲ.

ಅದೇ 1799ರಲ್ಲಿ ಟಿಪ್ಪುವಿನಿಂದ ಕಂಪೆನಿಯ ಕೈಗೆ ಇನ್ನೊಂದು ಬಗೆಯ ಮೃಗವೂ ಹೋಯಿತು. ಅದರ ಕಥೆ ಕಡೂರು, ಅಜ್ಜಂಪುರ, ತರೀಕೆರೆಯ ಕಡೆಯವರಿಗೆ ಹತ್ತಿರದ್ದು. ಚಿಕ್ಕದೇವರಾಜ ಒಡೆಯರ ಕಾಲದ ‘ಬೆಣ್ಣೆ ಚಾವಡಿ’ಯನ್ನು ಹೈದರನು ಸೈನ್ಯದ ಕೆಲಸಕ್ಕೆ ಬೆಳೆಸಿದ, ಟಿಪ್ಪು ಅದಕ್ಕೆ ‘ಅಮೃತ ಮಹಲ್’ ಎಂದು ಹೆಸರಿಟ್ಟ. ನಮ್ಮ ತಾಲ್ಲೂಕಿನ ಬಾಸೂರು ಕಾವಲಿನಂಥ ಹುಲ್ಲುಗಾವಲುಗಳು ಆ ರಾಸುಗಳ ಮೇವಿಗೆ ಮೀಸಲಾಗಿದ್ದವು. ಅಜ್ಜಂಪುರದ ತಳಿ ಸಂವರ್ಧನ ಕೇಂದ್ರದಲ್ಲಿ ಈಗಲೂ ಆ ಬೂದುಬಣ್ಣದ, ನೀಳಕೊಂಬಿನ ರಾಸುಗಳನ್ನು ಕಾಣಬಹುದು. ಈ ಎತ್ತುಗಳ ಬಲದಿಂದ ಹೈದರನು ಎರಡೂವರೆ ದಿನದಲ್ಲಿ ನೂರು ಮೈಲಿ ನಡೆದು ಚಿದಂಬರಕ್ಕೆ ನೆರವು ಮುಟ್ಟಿಸಿದನೆಂದು ಹಳೆಯ ದಾಖಲೆಗಳು ಹೇಳುತ್ತವೆ. ಇಂಗ್ಲಿಷರ ವಿರುದ್ಧ ಫಿರಂಗಿ ಎಳೆದ ಎತ್ತುಗಳೇ 1799ರ ಬಳಿಕ ಇಂಗ್ಲಿಷರ ಫಿರಂಗಿಗಳನ್ನೆಳೆದವು. ಮುಂದೆ ಡ್ಯೂಕ್ ಆಫ್ ವೆಲಿಂಗ್ಟನ್ ಆದ ಆರ್ಥರ್ ವೆಲ್ಲೆಸ್ಲಿ ಅವುಗಳ ಗುಣವನ್ನು ಚೆನ್ನಾಗಿ ಬಲ್ಲವನಾಗಿದ್ದು, ಸ್ಪೇನಿನ ಯುದ್ಧರಂಗದಲ್ಲಿ ಅವು ತನ್ನ ಬಳಿಯಿಲ್ಲವಲ್ಲಾ ಎಂದು ಕೊರಗಿದನಂತೆ.

ಹಾಗಾದರೆ ಎತ್ತಿಗೂ ಹುಲಿಗೊಂಬೆಗೂ ಭೇದವೇನು? ಎರಡೂ ಒಡೆಯನನ್ನು ಬದಲಿಸಿದವು, ನಿಜ. ಆದರೆ ಹಸ್ತಾಂತರದ ನಂತರ ಆರೈಕೆಯಲ್ಲಿ ಲೋಪವಾಗಿ ಅಮೃತ ಮಹಲಿನ ಹಿಂಡು ಕೆಲವೇ ವರ್ಷಗಳಲ್ಲಿ ಎಷ್ಟು ಕ್ಷೀಣಿಸಿತೆಂದರೆ, 1813ರಲ್ಲಿ ಹಾರ್ವೆ ಎಂಬ ಸೇನಾಧಿಕಾರಿಯನ್ನು ಅದರ ಮೇಲ್ವಿಚಾರಣೆಗೆ ನೇಮಿಸಬೇಕಾಯಿತು. 1860ರಲ್ಲಿ ಮಿತವ್ಯಯದ ಹೆಸರಿನಲ್ಲಿ ಹಿಂಡನ್ನೇ ಮಾರಿದ ಸರ್ಕಾರ, ಕೆಲವು ವರ್ಷಗಳಲ್ಲಿಯೇ ಪಶ್ಚಾತ್ತಾಪಪಟ್ಟು ಮತ್ತೆ ಕಟ್ಟಬೇಕಾಯಿತು. ಜೀವವಿರುವ ಮೃಗ ಕೈ ಬದಲಾದುದನ್ನು ತನ್ನ ಮೈಯಲ್ಲಿ ತೋರಿಸುತ್ತದೆ. ಬಡವಾಗುತ್ತದೆ, ಹಾಯುತ್ತದೆ, ಮೇವು ಬಿಡುತ್ತದೆ. ಯಂತ್ರಕ್ಕೆ ಆ ಭಾಷೆಯೇ ಇಲ್ಲ.

ಈ ಮಾತನ್ನು ನಾನು ಪುಸ್ತಕದಿಂದ ಕಲಿತವನಲ್ಲ. ನನ್ನ ಅಜ್ಜ ಒಮ್ಮೆ ಜಾತ್ರೆಯಲ್ಲಿ ಒಂದು ಎತ್ತನ್ನು ಮಾರಿ ಬಂದರು. ಮೂರನೆಯ ದಿನ ಬೆಳಗಿನ ಜಾವ ಅದು ಕತ್ತರಿಸಿದ ಹಗ್ಗದ ತುಂಡನ್ನು ಕೊರಳಲ್ಲಿ ಜೋಲಾಡಿಸುತ್ತ ಕೊಟ್ಟಿಗೆಯ ಬಾಗಿಲಲ್ಲಿ ನಿಂತಿತ್ತು. ಅಜ್ಜಿ ಅತ್ತರು. ಅಜ್ಜ ಅದಕ್ಕೆ ಹೊಟ್ಟೆ ತುಂಬ ಹುಲ್ಲು ಹಾಕಿ, ಮೈ ತಿಕ್ಕಿ, ತಾವೇ ನಡೆಸಿಕೊಂಡು ಹೋಗಿ ಕೊಂಡವರಿಗೆ ಒಪ್ಪಿಸಿ ಬಂದರು. ಕೊಟ್ಟ ಮಾತು ಎಂದರೆ ಮಾತು. ಆ ಹಾದಿಯಲ್ಲಿ ಎರಡು ನಿಷ್ಠೆಗಳು ಜೊತೆಯಾಗಿ ನಡೆದವು. ಒಂದು ಎತ್ತಿನದು, ಒಂದು ಮನುಷ್ಯನದು.

ತಂದೆಯ ಕಾಲಕ್ಕೆ ಕೊಟ್ಟಿಗೆ ಬರಿದಾಗಿ ಅಂಗಳಕ್ಕೆ ಟ್ರ್ಯಾಕ್ಟರ್ ಬಂತು. ನಾನಾಗ ಪ್ರೌಢಶಾಲೆಯಲ್ಲಿದ್ದೆ. ಎರಡು ವರ್ಷ ಮಳೆ ಕೈಕೊಟ್ಟಿತು. ಸಾಲದ ಕಂತು ನಿಂತಿತು. ಒಂದು ದಿನ ಸಾಲ ಕೊಟ್ಟವರ ಕಡೆಯ ಆಳು ಬಂದು, ಬೀಗದಕೈ ತಿರುಗಿಸಿದ. ಮೊದಲನೆಯ ತಿರುವಿಗೇ ಅದು ಹೊರಟಿತು. ನಮ್ಮ ತಂದೆಗೆ ಅದು ಎಂದೂ ಮೂರನೆಯ ಸಲಕ್ಕೆ ಮುಂಚೆ ಹೊರಟದ್ದಿಲ್ಲ! ಮುಂದಿನ ಮುಂಗಾರಿನಲ್ಲಿ ಅದೇ ಟ್ರ್ಯಾಕ್ಟರ್ ಬೇರೆಯವರದಾಗಿ, ಬಾಡಿಗೆಗೆ ನಮ್ಮ ಪಕ್ಕದ ಹೊಲಕ್ಕೇ ಉಳಲು ಬಂತು. ಆಯುಧಪೂಜೆಯಲ್ಲಿ ಅಮ್ಮ ಹಚ್ಚಿದ್ದ ಅರಿಸಿನ ಕುಂಕುಮದ ಕಲೆ ಅದರ ಮೂತಿಯ ಮೇಲೆ ಇನ್ನೂ ಮಾಸಿರಲಿಲ್ಲ. ತಂದೆ ಬದುವಿನ ಮೇಲೆ ನಿಂತು ಬಹಳ ಹೊತ್ತು ಅದರ ಸದ್ದನ್ನು ಕೇಳಿದರು. ಬಳಿಕ ಹೇಳಿದ್ದು ಒಂದೇ ಮಾತು: “ಎತ್ತಾಗಿದ್ದರೆ ತಲೆಯೆತ್ತಿ ನೋಡುತ್ತಿತ್ತು.”

ಅವರ ದನಿಯಲ್ಲಿ ಟ್ರ್ಯಾಕ್ಟರಿನ ಮೇಲೆ ಸಿಟ್ಟಿರಲಿಲ್ಲ. ಯಂತ್ರದಿಂದ ಕೃತಜ್ಞತೆಯನ್ನು ನಿರೀಕ್ಷಿಸಿದ ತಮ್ಮ ಮನಸ್ಸಿನ ಮೇಲೆಯೇ ಅವರಿಗೆ ನಾಚಿಕೆಯಾಗಿತ್ತೆಂದು ತೋರುತ್ತದೆ. ವಿಜ್ಞಾನಕಥೆಗಳಲ್ಲಿ ಯಂತ್ರಮೃಗ ಪಕ್ಷ ಬದಲಿಸಿದಾಗ ನಾವು ರೋಮಾಂಚನಗೊಳ್ಳುವುದಕ್ಕೂ ಇದೇ ಕಾರಣವಿರಬಹುದು. ದ್ರೋಹ ಬಗೆಯಬಲ್ಲ ಯಂತ್ರಕ್ಕೆ ನಿಷ್ಠೆಯೂ ಸಾಧ್ಯ. ತಿರುಗಿಬೀಳಬಲ್ಲದ್ದು ತಲೆಯೆತ್ತಿ ನೋಡಲೂಬಲ್ಲದು. ಲೋಹದ ಶಾರ್ಕ್ ತನ್ನೊಡೆಯನ ಮೇಲೆರಗುವ ಕಲ್ಪನೆ ಭಯಾನಕವೆಂದು ಕಂಡರೂ, ಅದರ ಒಳಗೆ ಒಂದು ಸಾಂತ್ವನವಿದೆ: ಯಂತ್ರಕ್ಕೂ ಮನಸ್ಸುಂಟು ಎಂಬ ಸಾಂತ್ವನ. ಮರದ ಹುಲಿ ಹೇಳುವ ಸತ್ಯ ಇದಕ್ಕಿಂತ ಕಠಿಣವಾದದ್ದು. ಅದು ಯಾರಿಗೂ ದ್ರೋಹ ಬಗೆಯಲಿಲ್ಲ; ಏಕೆಂದರೆ ಯಾರಿಗೂ ನಿಷ್ಠವಾಗಿರಲಿಲ್ಲ. ಟಿಪ್ಪು ತನ್ನ ರೋಷವನ್ನೆಲ್ಲ ಅದರ ಹೊಟ್ಟೆಯಲ್ಲಿ ತುಂಬಿಟ್ಟ. ಅವನು ಹೋದ ಮೇಲೆ ಆ ರೋಷ ಇನ್ನೊಬ್ಬರ ವಿನೋದವಾಗಿ ಉಳಿಯಿತು. ಆಯುಧವನ್ನು ಕಟ್ಟುವವರು, ಅದು ನಾಳೆ ಯಾರ ಕೈಗೆ ಹೋದೀತೆಂಬುದನ್ನು ಕಟ್ಟುವ ದಿನವೇ ಯೋಚಿಸಬೇಕು.

ರಜೆ ಮುಗಿದು ಹೊರಡುವ ಹಿಂದಿನ ಸಂಜೆ ಸೋದರಳಿಯನಿಗೆ ಹುಲಿಯ ಚಿತ್ರ ತೋರಿಸಿ ಕಥೆಯನ್ನೆಲ್ಲ ಹೇಳಿದೆ. “ಯಂತ್ರಮೃಗ ಯಾರ ಕಡೆ ಎಂದು ಕೇಳಬೇಡ. ಹಿಡಿಕೆ ಯಾರ ಕೈಯಲ್ಲಿದೆ ಎಂದು ಕೇಳು” ಎಂದೆ. ಉತ್ತರ ಸಿದ್ಧವಾಯಿತೆಂದು ಒಳಗೊಳಗೆ ಸಂತೋಷವೂ ಆಯಿತು. ಹುಡುಗ ಹುಲಿಯ ಚಿತ್ರವನ್ನು ಹಿಗ್ಗಿಸಿ ನೋಡಿ ಹಿಡಿಕೆಯನ್ನು ಪತ್ತೆ ಹಚ್ಚಿದ. ಆಮೇಲೆ ಮೊಬೈಲನ್ನೇ ಹಿಂದೆ ಮುಂದೆ ತಿರುಗಿಸಿ ನೋಡಿ, “ಮಾವ, ಇದರ ಹಿಡಿಕೆ ಎಲ್ಲಿದೆ?” ಎಂದ.

ಹೊರಗೆ ಕತ್ತಲಾಗುತ್ತಿತ್ತು. ನಾಳೆ ತರಗತಿಯಲ್ಲಿ ನನ್ನ ವಿದ್ಯಾರ್ಥಿಗಳನ್ನೂ ಇದನ್ನೇ ಕೇಳಬೇಕೆಂದುಕೊಂಡೆ.