ಕಿಡಿ ಹಾರುವ ಹೊತ್ತು

ನಮ್ಮ ನಂದಗಡದಲ್ಲಿ ಮಳೆಗಾಲ ಹಿಡಿಯಿತೆಂದರೆ ಹಳೆಯ ಪೆಟ್ರೋಲ್ ಕಾರು ಇಟ್ಟುಕೊಂಡವರ ಮುಖ ನೋಡಬೇಕು. ಖಾನಾಪುರ ತಾಲ್ಲೂಕಿನ ಮಳೆಯೆಂದರೆ ತಮಾಷೆಯಲ್ಲ. ರಾತ್ರಿಯಿಡೀ ಹೊರಗೆ ನೆನೆದ ಗಾಡಿ ಬೆಳಿಗ್ಗೆ ಕೀಲಿ ತಿರುವಿದರೆ ಕೆಮ್ಮುತ್ತದೆ, ಸೀನುತ್ತದೆ, ಆದರೆ ಎದ್ದೇಳುವುದಿಲ್ಲ. ಡಿಸ್ಟ್ರಿಬ್ಯೂಟರಿನ ಮುಚ್ಚಳ ಬಿಚ್ಚಿ ಒಣಬಟ್ಟೆಯಿಂದ ಒರೆಸಿದರೆ ಎಷ್ಟೋ ಗಾಡಿಗಳ ಕಾಯಿಲೆ ಅಲ್ಲಿಗೇ ವಾಸಿ. ವಾಸಿಯಾಗದೆ ಉಳಿದವುಗಳನ್ನು ನೋಡಿ ನಮ್ಮ ಮೇಸ್ತ್ರಿ ಹೇಳುವ ಮಾತು ಒಂದೇ: "ಟೈಮಿಂಗ್ ಸರದೈತ್ರೀ ಮಾಸ್ತರ."

ಈ ಟೈಮಿಂಗ್ ಎಂದರೇನು? ನಾನು ವಿಜ್ಞಾನದ ಮೇಷ್ಟ್ರು. ನಾಲ್ಕು ಹೊಡೆತಗಳ ಎಂಜಿನ್ನಿನ ಚಿತ್ರವನ್ನು ಹಲಗೆಯ ಮೇಲೆ ಎಷ್ಟು ಸಲ ಬರೆದಿದ್ದೇನೋ ಲೆಕ್ಕವಿಲ್ಲ. ಪಿಸ್ಟನ್ ಮೇಲಕ್ಕೆ ಬಂದು ಪೆಟ್ರೋಲ್ ಮತ್ತು ಗಾಳಿಯ ಮಿಶ್ರಣವನ್ನು ಅದುಮುತ್ತದೆ, ತುತ್ತತುದಿ ಮುಟ್ಟಿದಾಗ ಕಿಡಿ ಹಾರುತ್ತದೆ, ಮಿಶ್ರಣ ಸ್ಫೋಟಗೊಂಡು ಪಿಸ್ಟನ್ನನ್ನು ಕೆಳಕ್ಕೆ ತಳ್ಳುತ್ತದೆ ಎಂದು ಮಕ್ಕಳಿಗೆ ಹೇಳುತ್ತಿದ್ದೆ. ಈ ಮಾತಿನಲ್ಲಿ ಎರಡು ತಪ್ಪುಗಳಿವೆ. ಕಿಡಿ ತುದಿಯಲ್ಲಿ ಹಾರುವುದಿಲ್ಲ, ಅದಕ್ಕೂ ಮೊದಲೇ ಹಾರುತ್ತದೆ. ಮಿಶ್ರಣವೂ ಸ್ಫೋಟಗೊಳ್ಳುವುದಿಲ್ಲ. ಒಣಹುಲ್ಲಿನ ಬಣವೆಗೆ ಬೆಂಕಿ ಹತ್ತಿದ ಹಾಗೆ ಒಂದು ಕಡೆಯಿಂದ ಇನ್ನೊಂದು ಕಡೆಗೆ ಉರಿಯುತ್ತ ಸಾಗುತ್ತದೆ.

ಆ ಉರಿಗೆ ಬೇಕಾದ ಹೊತ್ತು ಒಂದು ಸೆಕೆಂಡಿನ ಸುಮಾರು ಐನೂರನೆಯ ಒಂದು ಭಾಗ. ಕಡಿಮೆಯೆನಿಸುತ್ತದೆ. ಆದರೆ ಎಂಜಿನ್ ನಿಮಿಷಕ್ಕೆ 3000 ಸುತ್ತು ತಿರುಗುವಾಗ ಅಷ್ಟು ಹೊತ್ತಿನಲ್ಲಿ ಅದರ ದಂಡ 36 ಡಿಗ್ರಿ ತಿರುಗಿಬಿಟ್ಟಿರುತ್ತದೆ. ನಿಂತಲ್ಲೇ ಗುರುಗುಡುತ್ತಿರುವಾಗ, ಅಂದರೆ 750 ಸುತ್ತಿನಲ್ಲಿ, ಬರೀ 9 ಡಿಗ್ರಿ. ಇದು ಸ್ಥೂಲ ಲೆಕ್ಕ. ವೇಗ ಹೆಚ್ಚಿದಂತೆ ಒಳಗಿನ ಗಾಳಿ ಕದಡಿ ಉರಿಯೂ ಚುರುಕಾಗುತ್ತದೆ. ಆದರೂ ಸಂಗತಿ ಇಷ್ಟು: ಪಿಸ್ಟನ್ ತುದಿ ದಾಟಿ ಹತ್ತು-ಹದಿನೈದು ಡಿಗ್ರಿ ಇಳಿದಾಗ ಒತ್ತಡ ಅತಿ ಹೆಚ್ಚಾಗಿರಬೇಕಾದರೆ ಬೆಂಕಿಯನ್ನು ಮುಂಚೆಯೇ ಹಚ್ಚಬೇಕು, ವೇಗ ಹೆಚ್ಚಿದಷ್ಟೂ ಇನ್ನೂ ಮುಂಚೆ. ವೇಗಕ್ಕೆ ತಕ್ಕ ಹೊಂದಾಣಿಕೆಯನ್ನು ಡಿಸ್ಟ್ರಿಬ್ಯೂಟರಿನ ಹೊಟ್ಟೆಯಲ್ಲಿರುವ ಎರಡು ಪುಟ್ಟ ತೂಕಗಳು ಮಾಡುತ್ತವೆ. ಜಾತ್ರೆಯ ತೊಟ್ಟಿಲುಗಳ ಹಾಗೆ ವೇಗಕ್ಕೆ ಅವು ಹೊರಕ್ಕೆ ಚಿಮ್ಮಿ ಕಿಡಿಯನ್ನು ಮುಂದಕ್ಕೆ ತರುತ್ತವೆ. ಮೊದಲ ಹೆಜ್ಜೆಯನ್ನು ಮಾತ್ರ ಮನುಷ್ಯ ಇಡಬೇಕು.

ನನ್ನದು 1987ರ ಅಂಬಾಸಡರ್, ಎರಡನೆಯ ಕೈಯಲ್ಲಿ ಕೊಂಡದ್ದು. ಇಂಗ್ಲೆಂಡಿನ ಮಾರಿಸ್ ಆಕ್ಸ್‌ಫರ್ಡ್ ಮೂರನೆಯ ಸರಣಿಯ ಅಚ್ಚಿನಲ್ಲಿ ಮೂಡಿದ ಈ ಗಾಡಿಯ ತಯಾರಿಕೆ ಬಂಗಾಳದ ಉತ್ತರಪಾರಾದಲ್ಲಿ 2014ರಲ್ಲಿ ನಿಂತುಹೋಯಿತು. ಎಂಜಿನ್ 1489 ಸಿ.ಸಿ.ಯದು. ಬಾನೆಟ್ ಎತ್ತಿದರೆ ಒಳಗೆ ಇನ್ನೊಬ್ಬ ಮನುಷ್ಯ ನಿಲ್ಲುವಷ್ಟು ಜಾಗ, ಎಲ್ಲವೂ ಕೈಗೆ ಎಟಕುತ್ತದೆ. ಕೆಡುವುದಕ್ಕೂ ಇದೇ ಕಾರಣ ಎಂದು ನನ್ನ ಮನೆಯಾಕೆಯ ಅಭಿಪ್ರಾಯ.

2011ರಲ್ಲಿ ಈ ಗಾಡಿ ಏರಿನಲ್ಲಿ ಎಳೆಯುತ್ತಿಲ್ಲವೆಂದು ಬೇರೊಂದು ಊರಿನ ಗ್ಯಾರೇಜಿಗೆ ಒಯ್ದೆ. ಅಲ್ಲಿನ ಹುಡುಗ ಡಿಸ್ಟ್ರಿಬ್ಯೂಟರಿನ ನಟ್ ಸಡಿಲಿಸಿ, ಅದರ ಮೈಯನ್ನು ಒಂದಿಷ್ಟು ತಿರುವಿ, "ಈಗ ನೋಡ್ರಿ ಪಿಕಪ್" ಎಂದ. ನಿಜಕ್ಕೂ ಗಾಡಿ ಜಿಗಿಯಿತು. ನಾನು ಹಿಗ್ಗಿದೆ. ಮುಂದಿನ ವಾರವೇ ಗೋವೆಗೆ ಹೋದೆವು. ಮರಳುವಾಗ ಕೇರಿ ದಾಟಿ ಚೋರ್ಲಾ ಘಾಟು ಏರತೊಡಗಿದಾಗ ಎಂಜಿನ್ನಿನೊಳಗಿಂದ ಒಂದು ಸಪ್ಪಳ ಬಂತು. ಡಬ್ಬಿಯಲ್ಲಿ ಕಡಲೆಕಾಳು ಅಲ್ಲಾಡಿಸಿದಂತೆ, ಕಣಕಣ. ವಾಲ್ವಿನದಿರಬೇಕು ಎಂದುಕೊಂಡು ಇನ್ನಷ್ಟು ಅದುಮಿದೆ. ಕಣಕುಂಬಿ ಸೇರುವ ಹೊತ್ತಿಗೆ ಗಾಡಿ ಮೂರೇ ಸಿಲಿಂಡರಿನಲ್ಲಿ ಕುಂಟುತ್ತ ನೀಲಿ ಹೊಗೆ ಬಿಡುತ್ತಿತ್ತು. ಹೆಡ್ ಬಿಚ್ಚಿದಾಗ ಎರಡನೆಯ ಪಿಸ್ಟನ್ನಿನ ಅಂಚು ಇಲಿ ತಿಂದ ರೊಟ್ಟಿಯ ಹಾಗಿತ್ತು, ಮೇಲಿನ ರಿಂಗ್ ಮುರಿದಿತ್ತು.

ಆ ಕಣಕಣ ಸದ್ದೇ ನಾಕಿಂಗ್. ಕಿಡಿ ತೀರ ಮುಂಚೆ ಹಾರಿದರೆ, ಉರಿ ಮುಟ್ಟುವ ಮೊದಲೇ ಮೂಲೆಯಲ್ಲಿ ಉಳಿದ ಮಿಶ್ರಣ ಒತ್ತಡಕ್ಕೂ ಕಾವಿಗೂ ತಾಳದೆ ಒಮ್ಮೆಲೇ ಸಿಡಿಯುತ್ತದೆ. ಸುತ್ತಿಗೆಯ ಪೆಟ್ಟಿನಂಥ ಆ ಅಲೆ ಪಿಸ್ಟನ್ನಿನ ಮೇಲೆ ಬೀಳುತ್ತದೆ. ಊರಲ್ಲಿ ಬಾರದ ಸದ್ದು ಘಾಟಿನಲ್ಲೇ ಏಕೆ ಬಂತು? ಏರು ಒಂದು ಕಾರಣ. ಇನ್ನೊಂದು ಗಾಳಿ. ಬೆಳಗಾವಿ ಸಮುದ್ರಮಟ್ಟದಿಂದ ಸುಮಾರು 750 ಮೀಟರ್ ಎತ್ತರದಲ್ಲಿದೆ. ಅಲ್ಲಿ ಗಾಳಿಯ ಒತ್ತಡ ಗೋವೆಯ ಕರಾವಳಿಗಿಂತ ಸುಮಾರು ಶೇ 8ರಷ್ಟು ಕಡಿಮೆ. ನಮ್ಮ ತೆಳುಗಾಳಿ ಮುಚ್ಚಿಟ್ಟಿದ್ದ ತಪ್ಪನ್ನು ಘಾಟಿನ ಬುಡದ ದಟ್ಟಗಾಳಿ ಹೊರಹಾಕಿತು. ಇದೆಲ್ಲ ನನಗೆ ಗೊತ್ತಿದ್ದ ಪಾಠವೇ. ಕಿವಿಗೆ ಬಿದ್ದಾಗ ಗುರುತು ಸಿಗಲಿಲ್ಲ ಅಷ್ಟೆ.

ಕಿಡಿ ತಡವಾದರೂ ಸುಖವಿಲ್ಲ. ಪಿಸ್ಟನ್ ಇಳಿಯುತ್ತಿರುವಾಗ ಉರಿ ಹಿಂದಿನಿಂದ ಅಟ್ಟಿಸಿಕೊಂಡು ಹೋಗುತ್ತದೆ. ಶಕ್ತಿಯಾಗಬೇಕಾದ ಕಾವು ಸೈಲೆನ್ಸರಿಗೂ ರೇಡಿಯೇಟರಿಗೂ ಪಾಲು.

ಆ ಅನಾಹುತದ ನಂತರ ನಾನು ನಮ್ಮೂರ ಮೇಸ್ತ್ರಿಯ ಮುಂದೆ ವಿದ್ಯಾರ್ಥಿಯಾಗಿ ನಿಂತೆ. ಅವರು ಮೊದಲು ಮುಟ್ಟಿದ್ದು ಟೈಮಿಂಗನ್ನಲ್ಲ, ಪಾಯಿಂಟಿನ ಸಂದನ್ನು. ಲಗ್ನಪತ್ರಿಕೆಯೊಂದರ ತುಂಡನ್ನು ಕಿಸೆಯಿಂದ ತೆಗೆದು ಪಾಯಿಂಟುಗಳ ನಡುವೆ ತೂರಿಸಿ ಸ್ಕ್ರೂ ಬಿಗಿದರು. ನಾನು ಆ ತುಂಡನ್ನು ಶಾಲೆಗೆ ಒಯ್ದು ಸ್ಕ್ರೂಗೇಜಿನಲ್ಲಿ ಅಳೆದೆ: 0.37 ಮಿ.ಮೀ. ಪುಸ್ತಕ ಹೇಳುವುದು 0.35ರಿಂದ 0.40! ಸಂದು ಮೊದಲು ಏಕೆಂದರೆ, ಸಂದು ಹಿಗ್ಗಿದರೆ ಪಾಯಿಂಟು ಬೇಗ ತೆರೆದು ಕಿಡಿ ಮುಂದೆ ಬರುತ್ತದೆ, ಕುಗ್ಗಿದರೆ ಹಿಂದೆ ಬೀಳುತ್ತದೆ. ಪಾಯಿಂಟಿನ ಹಿಮ್ಮಡಿ ದಿನದಿನ ಸವೆಯುವುದರಿಂದ ಯಾರೂ ಮುಟ್ಟದಿದ್ದರೂ ಟೈಮಿಂಗ್ ತಾನೇ ತಡವಾಗುತ್ತ ಹೋಗುತ್ತದೆ. ನನ್ನ ಗಾಡಿಯ ಮೂಲರೋಗ ಅದೇ ಆಗಿತ್ತು. ಗ್ಯಾರೇಜಿನ ಹುಡುಗ ಸಂದು ನೋಡದೆ ಮೈಯನ್ನೇ ತಿರುವಿದ್ದ, ಅದೂ ಅಳತೆ ಮೀರಿ.

ಮುಂದಿನ ಕೆಲಸ ಹೀಗೆ. ಒಂದನೆಯ ಸಿಲಿಂಡರಿನ ಪ್ಲಗ್ ಬಿಚ್ಚಿ ತೂತಿಗೆ ಹೆಬ್ಬೆರಳು ಒತ್ತಿ ಎಂಜಿನ್ ತಿರುವಬೇಕು. ಗಾಳಿ ಬೆರಳನ್ನು ತಳ್ಳಿದರೆ ಅದು ಅದುಮುವ ಹೊಡೆತ. ಹಾಗೆಯೇ ತಿರುವುತ್ತ ಪುಲ್ಲಿಯ ಗೆರೆಯನ್ನು ಪುಸ್ತಕ ಹೇಳಿದ ಡಿಗ್ರಿಗೆ ತಂದು ನಿಲ್ಲಿಸಬೇಕು. ಕಾಯಿಲಿನಿಂದ ಡಿಸ್ಟ್ರಿಬ್ಯೂಟರಿಗೆ ಹೋಗುವ ತಂತಿಗೂ ಗಾಡಿಯ ಮೈಗೂ ನಡುವೆ 12 ವೋಲ್ಟಿನ ಪುಟ್ಟ ಬಲ್ಬು ಕಟ್ಟಿ ಕೀಲಿ ತಿರುವಬೇಕು. ಪಾಯಿಂಟು ಮುಚ್ಚಿದ್ದರೆ ಬಲ್ಬು ಆರಿರುತ್ತದೆ, ತೆರೆದ ಕ್ಷಣ ಹೊತ್ತುತ್ತದೆ, ಕಿಡಿಯ ಕ್ಷಣವೂ ಅದೇ. ಡಿಸ್ಟ್ರಿಬ್ಯೂಟರಿನ ಮೈಯನ್ನು ಒಳಗಿನ ರೋಟರ್ ತಿರುಗುವ ದಿಕ್ಕಿಗೆ ತಿರುವಿ ಬಲ್ಬು ಆರಿಸಿ, ಆಮೇಲೆ ಎದುರು ದಿಕ್ಕಿಗೆ ಕೂದಲೆಳೆಯಷ್ಟೇ ತರುತ್ತ ಬಲ್ಬು ಹೊತ್ತಿದಲ್ಲಿ ನಟ್ ಬಿಗಿದರೆ ಆಯಿತು. ಉಳಿದ ಸಿಲಿಂಡರುಗಳು 1-3-4-2ರ ಸರದಿಯಲ್ಲಿ ತಾವೇ ಹಿಂಬಾಲಿಸುತ್ತವೆ.

"ಆತೇನ್ರೀ?" ಎಂದೆ. "ಇನ್ನ ಅರ್ಧ ಆತ್ರೀ," ಎಂದು ಮೇಸ್ತ್ರಿ ಗಾಡಿ ಹತ್ತಿದರು. ಊರ ಹೊರಗಿನ ಏರಿನಲ್ಲಿ, ಟಾಪ್ ಗೇರಿನಲ್ಲಿ, ಗಂಟೆಗೆ 40 ಕಿ.ಮೀ. ವೇಗದಲ್ಲಿ ಆಕ್ಸಿಲರೇಟರ್ ಪೂರ್ತಿ ಒತ್ತಿಸಿದರು. ಒಂದೆರಡು ಕಣಕಣ ಕೇಳಿ ತಕ್ಷಣ ಅಡಗಿದರೆ ಸರಿ. ಅಡಗದಿದ್ದರೆ ಹಿಂದಕ್ಕೆ, ಏನೂ ಕೇಳದಿದ್ದರೆ ತುಸು ಮುಂದಕ್ಕೆ. ಪುಸ್ತಕದ ಡಿಗ್ರಿ ಹೊಸ ಎಂಜಿನ್ನಿಗೆ, ಆ ಕಾಲದ ಪೆಟ್ರೋಲಿಗೆ ಬರೆದದ್ದು. ಸವೆದ ಎಂಜಿನ್ನಿಗೆ ಕೊನೆಯ ಮಾತು ಏರಿನದೇ.

ಬ್ಯಾಟರಿ, ಕಾಯಿಲ್, ಪಾಯಿಂಟುಗಳ ಈ ವ್ಯವಸ್ಥೆಯನ್ನು ರೂಪಿಸಿದವರು ಅಮೆರಿಕದ ಚಾರ್ಲ್ಸ್ ಕೆಟರಿಂಗ್. 1910ರ ಕ್ಯಾಡಿಲಾಕ್ ಕಾರುಗಳಲ್ಲಿ ಅದು ಬಂತು. ಇವರೂ ಮೊದಲು ಹಳ್ಳಿಯ ಶಾಲಾಮಾಸ್ತರರಾಗಿದ್ದವರು ಎಂಬುದು ನನಗೊಂದು ಗುಟ್ಟಾದ ಹೆಮ್ಮೆ. ನಾಕಿಂಗಿಗೆ ಇವರ ಬ್ಯಾಟರಿ ಕಿಡಿಯೇ ಕಾರಣವೆಂದು ಜನ ದೂರಿದಾಗ ಕೆಟರಿಂಗ್ ತಪ್ಪು ಇಂಧನದ್ದೆಂದು ಹುಡುಕಾಟಕ್ಕೆ ತೊಡಗಿದರು. ಅವರ ಸಹಾಯಕ ಥಾಮಸ್ ಮಿಡ್ಗ್ಲಿ 1921ರಲ್ಲಿ ಸೀಸದ ಸಂಯುಕ್ತವೊಂದು ನಾಕಿಂಗನ್ನು ಅಡಗಿಸುವುದನ್ನು ಕಂಡರು. ಆಲ್ಕೊಹಾಲ್ ಕೂಡ ಆ ಕೆಲಸ ಮಾಡಬಲ್ಲದೆಂದು ಅವರಿಗೆ ತಿಳಿದಿತ್ತು. ಗೆದ್ದದ್ದು ಸೀಸ. ಲೋಕದ ಮಕ್ಕಳೆಲ್ಲ ಅದರ ವಿಷವನ್ನು ಉಸಿರಾಡಿದ ಮೇಲೆ, ನಮ್ಮ ದೇಶದಲ್ಲಿ 2000ದ ಫೆಬ್ರುವರಿಯಲ್ಲಿ ಅದಕ್ಕೆ ವಿದಾಯ ಹೇಳಲಾಯಿತು.

ಈಗ ಆಲ್ಕೊಹಾಲಿನ ಸರದಿ ಮರಳಿದೆ. ಶೇ 20 ಎಥನಾಲ್ ಬೆರೆತ ಪೆಟ್ರೋಲ್ 2023ರಲ್ಲಿ ಬೆಂಗಳೂರಿನಿಂದ ಆರಂಭವಾಗಿ ದೇಶವಿಡೀ ಹಬ್ಬಿತು. ನಮ್ಮ ಜಿಲ್ಲೆಯ ಕಬ್ಬೇ ಒಂದಿಷ್ಟು ಟ್ಯಾಂಕಿಗೆ ಬಂದು ಬೀಳುತ್ತಿರಬಹುದು. ಇದರ ಆಕ್ಟೇನ್ ಅಂಕ 95, ಹಿಂದಿನ ಸಾದಾ ಪೆಟ್ರೋಲಿನದು 91 ಇತ್ತು. ನಾಕಿಂಗ್ ಮಟ್ಟಿಗೆ ಹಳೆಯ ಗಾಡಿಗೆ ಇದು ವರವೇ. ಆದರೆ ಎಥನಾಲ್ ತನ್ನ ಆಮ್ಲಜನಕವನ್ನು ತಾನೇ ಹೊತ್ತು ತರುತ್ತದೆ. ಹೊಸ ಕಾರಿನ ಕಂಪ್ಯೂಟರ್ ಅದನ್ನು ಅರಿತು ಇಂಧನ ಹೆಚ್ಚಿಸುತ್ತದೆ. ನನ್ನ ಕಾರ್ಬುರೇಟರಿಗೆ ಏನೂ ತಿಳಿಯದು, ಮಿಶ್ರಣ ಬಡವಾಗುತ್ತದೆ. ಹಳೆಯ ರಬ್ಬರ್ ಕೊಳವೆಗಳೂ ಉಬ್ಬಿ ಬಿರಿಯುತ್ತವೆ. ನಾನು ಕೊಳವೆ ಬದಲಿಸಿ, ಕಾರ್ಬುರೇಟರನ್ನು ತುಸು ಶ್ರೀಮಂತ ಮಾಡಿ, ಟೈಮಿಂಗನ್ನು ಪುಸ್ತಕಕ್ಕಿಂತ ಎರಡು ಡಿಗ್ರಿ ಮುಂದಿಟ್ಟಿದ್ದೇನೆ. ನಿಮ್ಮ ಗಾಡಿಗೂ ಎರಡೇ ಎಂದು ನಾನು ಹೇಳಲಾರೆ.

ಮೇಸ್ತ್ರಿಗೆ ಈಗ ಕಿವಿ ಮಂದವಾಗಿದೆ. ಕಳೆದ ಬೇಸಿಗೆಯಲ್ಲಿ ನಾನು ಟೈಮಿಂಗ್ ಇಟ್ಟಾಗ ಪಕ್ಕದ ಸೀಟಿನಲ್ಲಿ ಕುಳಿತು, ಏರಿನಲ್ಲಿ ಡ್ಯಾಶ್‌ಬೋರ್ಡಿನ ಮೇಲೆ ಅಂಗೈ ಊರಿ ನಡುಕವನ್ನೇ ಆಲಿಸುತ್ತಿದ್ದರು. ಎರಡು ಸಲ ಏರು ಹತ್ತಿಸಿದರು. ಇಳಿಯುವಾಗ ಕಿಸೆಯಿಂದ ಹೊಸದೊಂದು ಲಗ್ನಪತ್ರಿಕೆ ತೆಗೆದು ಕೊಟ್ಟರು. ಮೊಮ್ಮಗಳ ಮದುವೆಯದು. ಮನೆಗೆ ಬಂದವನೇ ಅಳೆದೆ, 0.31. ತೀರ ತೆಳು. ಹಳೆಯ ತುಂಡನ್ನೇ ಇಟ್ಟುಕೊಂಡಿದ್ದೇನೆ.